ಹೆಚ್ಚುವರಿ ಡ್ರೈವಿಂಗ್ ಲೈಟ್: ಗೋಡೆಯ ಮೇಲೆ ಬೆಳಕು ಎಷ್ಟು ಎತ್ತರದಲ್ಲಿ ಬೀಳಬೇಕು?

ಇರುಳುದಾರಿ:
ಬಂಪರ್ ಬಾರ್ ಮೇಲೆ 55 ವ್ಯಾಟಿನ ಎರಡು ದುಂಡು ಹ್ಯಾಲೊಜೆನ್ ಡ್ರೈವಿಂಗ್ ಲೈಟ್ ಇವೆ. ನೆಲದಿಂದ ಲ್ಯಾಂಪಿನ ನಡುವಿಗೆ 60 ಸೆಂ.ಮೀ., ಎರಡರ ನಡುವೆ 70 ಸೆಂ.ಮೀ. ಹೈ ಬೀಮ್ ಜೊತೆಗೇ ಹೊತ್ತುವಂತೆ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸುವ ಸ್ವಿಚ್) ಹಾಕಿದೆ. ತೊಂದರೆ ಏನೆಂದರೆ, ಗಾಡಿಯ ಮುಂದೆ 20–30 ಮೀಟರ್ ರಸ್ತೆ ಬೆಳ್ಳಗೆ ಹೊಳೆಯುತ್ತದೆ, ಅದರಾಚೆ ಬರೀ ಹೈ ಬೀಮ್‌ಗಿಂತ ಹೆಚ್ಚೇನೂ ಕಾಣುವುದಿಲ್ಲ. ಸ್ವಲ್ಪ ಮೇಲೆತ್ತಿದರೆ ಬೆಳಕು ಮರದ ಕೊಂಬೆಗಳಿಗೆ ಹೋಗುತ್ತದೆ. ಗೋಡೆಯೆದುರು ನಿಲ್ಲಿಸಿ ಸರಿಮಾಡೋಣವೆಂದರೆ ಕೆಲವರು 25 ಅಡಿ ಅನ್ನುತ್ತಾರೆ, ಕೆಲವರು 10 ಮೀಟರ್. ಲ್ಯಾಂಪಿನ ಎತ್ತರಕ್ಕೇ ಇಡಿ ಅನ್ನುವವರೂ ಇದ್ದಾರೆ, 10 ಸೆಂ.ಮೀ. ಕೆಳಗಿಡಿ ಅನ್ನುವವರೂ ಇದ್ದಾರೆ. ಯಾವುದನ್ನು ಹಿಡಿಯಲಿ?

ಬೆಳಕಿನಕೋನ:
ದೂರ ಯಾವುದಾದರೂ ಆಗುತ್ತದೆ, ಲೆಕ್ಕಕ್ಕೆ ಬರುವುದು ಕೋನ. 10 ಮೀಟರ್ ಹಿಡಿದರೆ ಲೆಕ್ಕ ಸುಲಭ: ಗೋಡೆಯ ಮೇಲೆ 10 ಸೆಂ.ಮೀ. ಇಳಿದರೆ ನೂರಕ್ಕೆ ಒಂದು ಇಳಿದಂತೆ. 25 ಅಡಿ ಅಂದರೆ 7.6 ಮೀಟರ್, ಅಲ್ಲಿ ಅದೇ ಇಳಿಕೆ 7.6 ಸೆಂ.ಮೀ.

ನೀವು ಕೇಳಿರುವ 10 ಸೆಂ.ಮೀ. ಲೋ ಬೀಮಿನ ಲೆಕ್ಕ. ಲೋ ಬೀಮಿಗೆ ಮೇಲೆ ಚೂಪಾದ ಅಂಚು ಇರುತ್ತದೆ, ಆ ಅಂಚನ್ನು ಇಳಿಸಿಡುವ ಅಳತೆ ಅದು. ಫಾಗ್ ಲ್ಯಾಂಪಿನ ಅಂಚನ್ನು ಇನ್ನೂ ಇಳಿಸಿ 20 ಸೆಂ.ಮೀ.ವರೆಗೂ ಇಡುತ್ತಾರೆ. ಡ್ರೈವಿಂಗ್ ಲೈಟಿಗೆ ಅಂಚೇ ಇಲ್ಲ, ನಡುವಿನಲ್ಲಿ ತೀರಾ ಪ್ರಖರವಾದ ಒಂದು ಮಚ್ಚೆ, ಸುತ್ತ ಮಸುಕು. ನಾವು ಗುರಿ ಹಿಡಿಯಬೇಕಾದದ್ದು ಆ ಮಚ್ಚೆಯ ನಡುವನ್ನು.

60 ಸೆಂ.ಮೀ. ಎತ್ತರದ ಲ್ಯಾಂಪನ್ನು ನೂರಕ್ಕೆ ಎರಡು ಇಳಿಸಿದರೆ ಮಚ್ಚೆಯ ನಡು 30 ಮೀಟರಿನಲ್ಲೇ ನೆಲಕ್ಕೆ ಬೀಳುತ್ತದೆ. ನಿಮಗೆ ಈಗ ಆಗುತ್ತಿರುವುದು ಬಹುಮಟ್ಟಿಗೆ ಇದೇ. ನೂರಕ್ಕೆ ಒಂದು ಇಳಿಸಿದರೆ 60 ಮೀಟರ್, ಅರ್ಧ ಇಳಿಸಿದರೆ 120 ಮೀಟರ್. ಗಂಟೆಗೆ 80 ಕಿ.ಮೀ. ವೇಗದಲ್ಲಿ ಒಂದು ಸೆಕೆಂಡಿಗೆ 22 ಮೀಟರ್ ಹೋಗುತ್ತೀರಿ, ಹಾಗಾಗಿ 60 ಮೀಟರ್ ಸಾಲದು. 10 ಮೀಟರಿನಲ್ಲಿ ಮಚ್ಚೆಯ ನಡು ಲ್ಯಾಂಪಿನ ಎತ್ತರದ ಗೆರೆಯಿಂದ ಹಿಡಿದು ಅದರ 5 ಸೆಂ.ಮೀ. ಕೆಳಗಿನವರೆಗೆ ಎಲ್ಲಿದ್ದರೂ ಸರಿ. ಗೆರೆಗಿಂತ ಮೇಲೆ ಮಾತ್ರ ಬೇಡ. ಹತ್ತಿರದ ರಸ್ತೆ ತೀರಾ ಬೆಳಗಿದರೆ ಕಣ್ಣಿನ ಪಾಪೆ ಕಿರಿದಾಗಿ, ದೂರದಲ್ಲಿ ಬಿದ್ದ ಬೆಳಕೂ ಮಂಕಾಗಿ ಕಾಣುತ್ತದೆ. ಆದ್ದರಿಂದ ಗಾಡಿಯ ಮುಂದಿನ ರಸ್ತೆ ಈಗಿಗಿಂತ ಮಂಕಾದರೆ ಅದನ್ನು ಕೊರತೆ ಎಂದುಕೊಳ್ಳಬೇಡಿ.

ಸ್ಪ್ಯಾನರ್ ಹಿಡಿಯುವ ಮೊದಲು ಗಾಡಿಯ ನಿಲುವು ನೋಡಿ. ಟೈರಿನಲ್ಲಿ ಹೇಳಿದಷ್ಟು ಗಾಳಿ, ಅರ್ಧಕ್ಕಿಂತ ಹೆಚ್ಚು ಇಂಧನ, ಓಡಿಸುವವರ ಸೀಟಿನಲ್ಲಿ ಒಬ್ಬರು, ರಾತ್ರಿ ಪ್ರಯಾಣದಲ್ಲಿ ಹಿಂದೆ ಯಾವಾಗಲೂ ಇರುವಷ್ಟು ಸಾಮಾನು. ಬಾನೆಟ್ಟನ್ನು ಎರಡು ಮೂರು ಸಲ ಒತ್ತಿ ಬಿಟ್ಟರೆ ಸಸ್ಪೆನ್ಷನ್ ತನ್ನ ಜಾಗಕ್ಕೆ ಕೂರುತ್ತದೆ. ಇದು ಕಾಟಾಚಾರವಲ್ಲ: ಮುಂದಿನ, ಹಿಂದಿನ ಗಾಲಿಗಳ ನಡುವೆ 2.5 ಮೀಟರ್ ಇರುವ ಗಾಡಿಯ ಹಿಂಭಾಗ ಭಾರಕ್ಕೆ 5 ಸೆಂ.ಮೀ. ಕುಸಿದರೆ ಬೆಳಕು ನೂರಕ್ಕೆ ಎರಡು ಮೇಲೇಳುತ್ತದೆ, ಅಂದರೆ 100 ಮೀಟರಿನಲ್ಲಿ 2 ಮೀಟರ್. ಕೊಂಬೆಗಳಿಗೆ ಬೆಳಕು ಹೋಗಲು ಇಷ್ಟು ಧಾರಾಳ ಸಾಕು.

ಗೋಡೆಯಲ್ಲಿ ನೆಲದಿಂದ 60 ಸೆಂ.ಮೀ.ಗೆ ಮಾಸ್ಕಿಂಗ್ ಟೇಪಿನ ಅಡ್ಡಗೆರೆ ಎಳೆಯಿರಿ. ಮುಂದಿನ, ಹಿಂದಿನ ಗಾಜುಗಳ ನಡುವಿಗೆ ಒಂದೊಂದು ತುಂಡು ಟೇಪು ಅಂಟಿಸಿ, ಗಾಡಿಯ ಹಿಂದೆ ನಿಂತು ಎರಡನ್ನೂ ಒಂದೇ ಸಾಲಿಗೆ ತಂದು ನೋಡಿದರೆ ಗಾಡಿಯ ನಡುರೇಖೆ ಗೋಡೆಯಲ್ಲಿ ಎಲ್ಲಿ ತಾಕುತ್ತದೆಂದು ಗೊತ್ತಾಗುತ್ತದೆ. ಅಲ್ಲಿಂದ ಎರಡೂ ಕಡೆ 35 ಸೆಂ.ಮೀ.ಗೆ ಒಂದೊಂದು ನೆಟ್ಟಗಿನ ಗೆರೆ. ಒಂದು ಲ್ಯಾಂಪಿನೆದುರು ರಟ್ಟು ಹಿಡಿದು ಇನ್ನೊಂದನ್ನು ಮಾತ್ರ ಸರಿಮಾಡಿ. ರಟ್ಟು ಗಾಜಿಗೆ ತಾಗಬಾರದು, ಹ್ಯಾಲೊಜೆನ್ ಬಿಸಿ ಸುಡುವಂಥದ್ದು. ಎರಡು ಮಚ್ಚೆಗಳ ನಡುವೆಯೂ 70 ಸೆಂ.ಮೀ.ಯೇ ಇರಬೇಕು. ಒಳಕ್ಕೆ ತಿರುಗಿಸಿ ಎರಡನ್ನೂ ಒಂದೇ ಕಡೆ ಸೇರಿಸಿದರೆ ಗೋಡೆಯ ಮೇಲೆ ಜೋರಾಗಿ ಕಾಣುತ್ತದೆ, ಆದರೆ ರಸ್ತೆಯಲ್ಲಿ ಅವು ಒಂದನ್ನೊಂದು ದಾಟಿ ಎರಡೂ ಬದಿಗೆ ಹೋಗುತ್ತವೆ.

ಮಟ್ಟಗೋಲು:
ಮೇಲಿನದ್ದೆಲ್ಲ ಒಪ್ಪಿದೆ, ಆದರೆ ಗೋಡೆಯ ಬುಡದಿಂದ 60 ಸೆಂ.ಮೀ. ಅಳೆಯುವುದನ್ನು ಒಪ್ಪಲಾರೆ. ಮಳೆನೀರು ಹರಿದುಹೋಗಲೆಂದು ಗೋಡೆಯ ಬುಡದಲ್ಲಿ ನೆಲವನ್ನು ತಗ್ಗಿಸಿರುವುದೇ ಹೆಚ್ಚು. ಅಲ್ಲಿ 4 ಸೆಂ.ಮೀ. ತಗ್ಗಿದ್ದರೆ ಗೆರೆಯೂ ಅಷ್ಟೇ ಕೆಳಗೆ ಬಂದು, ಅರ್ಧ ಎಂದುಕೊಂಡ ಇಳಿಕೆ ನೂರಕ್ಕೆ 0.9 ಆಗುತ್ತದೆ. ಆಗ 120 ಮೀಟರಿನ ಬದಲು 67 ಮೀಟರಿಗೇ ಬೆಳಕು ನೆಲ ಕಚ್ಚುತ್ತದೆ.

ಗಾರೆ ಕೆಲಸದವರು ಮಟ್ಟ ನೋಡಲು ಹಿಡಿಯುವ ಪಾರದರ್ಶಕ ನೀರಿನ ಪೈಪು ಸಾಕು. ಒಳಗೆ ಗಾಳಿಗುಳ್ಳೆ ಉಳಿಯದಂತೆ ನೀರು ತುಂಬಿ, ಒಂದು ತುದಿಯ ನೀರನ್ನು ಲ್ಯಾಂಪಿನ ನಡುವಿಗೆ ತಂದು, ಇನ್ನೊಂದು ತುದಿಯಲ್ಲಿ ನೀರು ನಿಂತ ಜಾಗವನ್ನು ಗೋಡೆಯ ಮೇಲೆ ಗುರುತಿಸಿ. ಆಮೇಲೆ ಅದೇ ಪೈಪಿನಲ್ಲಿ ಮುಂದಿನ ಮತ್ತು ಹಿಂದಿನ ಟೈರುಗಳ ಬುಡದ ನೆಲ ಸಮವಿದೆಯೇ ನೋಡಿ. ಮುಂದಿನದು 1 ಸೆಂ.ಮೀ. ತಗ್ಗಿನಲ್ಲಿದ್ದರೆ 2.5 ಮೀಟರಿಗೆ 1, ಅಂದರೆ 10 ಮೀಟರಿಗೆ 4 ಸೆಂ.ಮೀ. ಗುರುತನ್ನು ಅಷ್ಟು ಕೆಳಗಿಳಿಸಿ ಅಲ್ಲಿ ಗೆರೆ ಎಳೆಯಿರಿ. ಹಿಂದಿನದು ತಗ್ಗಿದ್ದರೆ ಅಷ್ಟೇ ಮೇಲಕ್ಕೆ.

ತಂತಿರಿಲೇ:
ಕೋನ ಸರಿಯಾದ ಮೇಲೂ ದೂರ ಮಂಕಾಗಿದ್ದರೆ ವೋಲ್ಟೇಜ್ ನೋಡಿ. ಹ್ಯಾಲೊಜೆನ್ ಬಲ್ಬಿನ ಬೆಳಕು ವೋಲ್ಟೇಜಿನ ಸುಮಾರು 3.4ನೇ ಘಾತಕ್ಕೆ ಏರಿಳಿಯುತ್ತದೆ. ಹತ್ತರಲ್ಲಿ ಒಂದು ಪಾಲು ವೋಲ್ಟೇಜ್ ದಾರಿಯಲ್ಲಿ ಸೋರಿದರೆ ಹತ್ತರಲ್ಲಿ ಮೂರು ಪಾಲು ಬೆಳಕು ಹೋಯಿತು. ಎಂಜಿನ್ ಓಡುತ್ತಿರುವಾಗ, ಲೈಟ್ ಹೊತ್ತಿಸಿಯೇ, ಬ್ಯಾಟರಿಯ ತುದಿಗಳಲ್ಲೂ ಲ್ಯಾಂಪಿನ ಎರಡು ತಂತಿಗಳ ನಡುವೆಯೂ ಮೀಟರ್ ಇಟ್ಟು ನೋಡಿ. ವ್ಯತ್ಯಾಸ ಅರ್ಧ ವೋಲ್ಟ್ ದಾಟಿದರೆ ಎಲ್ಲೋ ಕಳಪೆ ಜೋಡಣೆ ಇದೆ. ಮೊದಲು ಅರ್ತ್ (ಕರೆಂಟು ಬ್ಯಾಟರಿಯ ಋಣ ತುದಿಗೆ ಮರಳುವ ದಾರಿ) ಅನುಮಾನಿಸಿ: ಬಣ್ಣ ಬಳಿದ ಬ್ರ್ಯಾಕೆಟ್ಟಿನ ಮೇಲೆ ಅರ್ತ್ ನಂಬಿ ಕೂರಬಾರದು, ತುಕ್ಕು ಬಣ್ಣ ಕೆರೆದು ಲೋಹಕ್ಕೆ ಕೂರಿಸಬೇಕು, ಇಲ್ಲವೇ ತಂತಿಯನ್ನೇ ಬ್ಯಾಟರಿಯ ಋಣ ತುದಿಗೆ ಎಳೆಯಬೇಕು.

ಎರಡು ಬಲ್ಬಿಗೆ 110 ವ್ಯಾಟ್, 12 ವೋಲ್ಟಿನಲ್ಲಿ 9 ಆಂಪಿಯರ್ ಚಿಲ್ಲರೆ. 2.5 ಚದರ ಮಿ.ಮೀ. ತಂತಿ, 15 ಆಂಪಿಯರ್ ಫ್ಯೂಸ್, ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ. ರಿಲೇಯ ಪಿನ್ನುಗಳಿಗೆ ಸಂಖ್ಯೆ ಇರುತ್ತದೆ: 30ಕ್ಕೆ ಫ್ಯೂಸಿನಿಂದ ಬಂದ ತಂತಿ, 87ರಿಂದ ಲ್ಯಾಂಪಿಗೆ, 85 ಅರ್ತ್, 86ಕ್ಕೆ ಹೈ ಬೀಮಿನ ತಂತಿ, ನಡುವೆ ಡ್ಯಾಶ್‌ಬೋರ್ಡಿನ ಸ್ವಿಚ್. ಹೀಗಿದ್ದರೆ ಎದುರಿಗೆ ಗಾಡಿ ಬಂದು ನೀವು ಲೋ ಬೀಮಿಗೆ ಇಳಿದ ತಕ್ಷಣ ಇವೂ ಆರುತ್ತವೆ. ಸ್ವಿಚ್ಚನ್ನು ನೇರ ಬ್ಯಾಟರಿಗೆ ಕೊಟ್ಟು ಪ್ರತಿಸಲ ಕೈಯಿಂದ ಆರಿಸುತ್ತೇನೆ ಅನ್ನುವುದು ಎದುರಿನವರ ಕಣ್ಣಿಗೆ ಮಾಡುವ ಅನ್ಯಾಯ.

ಹ್ಯಾಲೊಜೆನ್ ಲ್ಯಾಂಪಿನೊಳಗೆ ಎಲ್‌ಇಡಿ ಬಲ್ಬ್ ತುರುಕಬೇಡಿ. ರಿಫ್ಲೆಕ್ಟರಿನ ಆಕಾರವನ್ನು ರೂಪಿಸಿರುವುದು ಫಿಲಮೆಂಟ್ ಇರುವ ಆ ಒಂದು ಜಾಗಕ್ಕೆ. ಬೆಳಕಿನ ಮೂಲ ಒಂದು ಮಿ.ಮೀ. ಹಿಂದೆ ಮುಂದಾದರೂ ಮಚ್ಚೆ ಒಡೆದು ಚೆದುರುತ್ತದೆ, ಆಮೇಲೆ ಯಾವ ಸ್ಕ್ರೂ ತಿರುಗಿಸಿದರೂ ಗುರಿ ಕೂರುವುದಿಲ್ಲ.

ಇರುಳುದಾರಿ:
ಪೈಪಿನಿಂದ ಮಟ್ಟ ತೆಗೆದು ಗೆರೆ ಎಳೆದೆ. ಬಲದ ಲ್ಯಾಂಪ್ ಗೆರೆಯಿಂದ 4 ಸೆಂ.ಮೀ. ಕೆಳಗೆ ಕೂತಿತು. ಎಡದ್ದರಲ್ಲಿ ಎರಡು ತಕರಾರು: ಮಚ್ಚೆ ಅಡ್ಡಕ್ಕೆ ಹರಡದೆ ಉದ್ದಕ್ಕೆ ನಿಂತಿದೆ, ಮತ್ತೆ ನಟ್ ಬಿಗಿದಾಗಲೆಲ್ಲ ಒಂದು ಗೇಣು ಸರಿಯುತ್ತದೆ. ಬಲ್ಬ್ ಎಚ್3 ಮಾದರಿಯದು.

ಬೆಳಕಿನಕೋನ:
ಉದ್ದಕ್ಕೆ ನಿಂತಿದ್ದರೆ ಲೆನ್ಸ್ ಕಾಲು ಸುತ್ತು ತಿರುಗಿದೆ. ಗಾಜಿನ ಅಂಚಿನಲ್ಲಿ ಮೇಲ್ಭಾಗದ ಗುರುತು ಇರುತ್ತದೆ. ಅದಿಲ್ಲದಿದ್ದರೆ ಗಾಜಿನ ಗೀರುಗಳು ನೆಟ್ಟಗೆ ನಿಲ್ಲುವಂತೆ ತಿರುಗಿಸಿ, ನೆಟ್ಟಗಿನ ಗೀರು ಬೆಳಕನ್ನು ಅಡ್ಡಕ್ಕೆ ಹರಡುತ್ತದೆ. ಲ್ಯಾಂಪ್ ಬಿಚ್ಚಿದಾಗ ಬಲ್ಬನ್ನೂ ನೋಡಿ: ಎಚ್3ರ ತಗಡಿನ ಬುಡದಲ್ಲಿರುವ ಕಚ್ಚು ರಿಫ್ಲೆಕ್ಟರಿನ ಕಚ್ಚಿಗೆ ಕೂತಿರಬೇಕು, ತಂತಿಯ ಕ್ಲಿಪ್ ಎರಡೂ ಕಡೆ ಒತ್ತಿರಬೇಕು. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ.

ನಟ್ ಬಿಗಿಯುವಾಗ ಸರಿಯುವುದು ಸಹಜ, ನಟ್ಟಿನ ಜೊತೆ ಲ್ಯಾಂಪೂ ತಿರುಗುತ್ತದೆ. ಬೋಲ್ಟಿನ ತಲೆಯನ್ನು ಒಂದು ಸ್ಪ್ಯಾನರಿನಲ್ಲಿ ಹಿಡಿದು, ನಟ್ಟನ್ನು ಇನ್ನೊಂದರಲ್ಲಿ ಬಿಗಿಯಿರಿ. ಕಾಲು ಸುತ್ತು ಬಿಗಿಯುವುದು, ಗೋಡೆ ನೋಡುವುದು, ಮತ್ತೆ ಕಾಲು ಸುತ್ತು. ಕೆಳಗೆ ಚಪ್ಪಟೆ ವಾಷರ್, ಮೇಲೆ ನೈಲಾಕ್ ನಟ್ (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್). ತಿರುಗುವ ಬೋಲ್ಟಿನಿಂದ ಲ್ಯಾಂಪಿನ ಬೆನ್ನಿಗೆ 10 ಸೆಂ.ಮೀ. ಇದ್ದರೆ, ಬೆನ್ನು 1 ಮಿ.ಮೀ. ಅಲುಗಿದರೂ 100 ಮೀಟರಿನಲ್ಲಿ 1 ಮೀಟರ್ ವ್ಯತ್ಯಾಸ. ಬ್ರ್ಯಾಕೆಟ್ ತೆಳು ತಗಡಿನದಾದರೆ ಲ್ಯಾಂಪಿನ ಮೇಲಿನಿಂದ ಬಂಪರ್ ಬಾರ್‌ಗೆ ಒಂದು ಸಣ್ಣ ಆನಿಕೆ ಪಟ್ಟಿ ಕೊಡಿ. 100–200 ಕಿ.ಮೀ. ಓಡಿದ ಮೇಲೆ ಅದೇ ಗೋಡೆಯ ಅದೇ ಗೆರೆಗೆ ತಂದು ಮತ್ತೊಮ್ಮೆ ನೋಡಿ, ಟೇಪು ಅಲ್ಲೇ ಇರಲಿ.