ಅಪ್ಪನ 1981ರ ಪದ್ಮಿನಿ: ಕಾರ್ಬೊರೇಟರ್ ಉಳಿಸಿಕೊಳ್ಳಲಾ, ಇಂಜೆಕ್ಷನ್ ಹಾಕಿಸಲಾ?

ಪದ್ಮಿನಿ81_ಹಾಸನ

ಎಲ್ಲರಿಗೂ ನಮಸ್ಕಾರ. ಅಪ್ಪ ಓಡಿಸುತ್ತಿದ್ದ 1981ರ ಪ್ರೀಮಿಯರ್ ಪದ್ಮಿನಿ ಈಗ ನನ್ನ ಹತ್ತಿರ ಇದೆ. 1089 ಸಿಸಿ ಇಂಜಿನ್, ಸೋಲೆಕ್ಸ್ ಕಾರ್ಬೊರೇಟರ್ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ), ಸ್ಟೀರಿಂಗ್ ಪಕ್ಕದ ಕೈಗೇರ್, ಎಲ್ಲ ಕಂಪನಿಯಿಂದ ಬಂದ ಹಾಗೇ ಇದೆ. ಎರಡು ವರ್ಷ ಶೆಡ್‌ನಲ್ಲಿ ನಿಂತಿತ್ತು. ಹೋದ ದೀಪಾವಳಿಗೆ ಮತ್ತೆ ರೋಡಿಗೆ ಇಳಿಸಿದೆ.

ತೊಂದರೆ ಏನಂದ್ರೆ, ಬೆಳಗ್ಗೆ ಚೋಕ್ ಎಳೆದು ತುಂಬ ಹೊತ್ತು ಸೆಲ್ಫ್ ಹೊಡೆಯಬೇಕು. ಐಡ್ಲಿಂಗ್ ಒಂದೇ ಸಮ ನಿಲ್ಲುವುದಿಲ್ಲ. ಸೆಕೆಂಡ್ ಗೇರಿನಲ್ಲಿ ಆಕ್ಸಿಲರೇಟರ್ ಒತ್ತಿದ ತಕ್ಷಣ ಉಸಿರು ಕಟ್ಟಿದ ಹಾಗೆ ಆಗಿ, ಆಮೇಲೆ ಎಳೆಯುತ್ತದೆ. ಎಲ್ಲಕ್ಕಿಂತ ಕಷ್ಟ ಬಿಸಿಯಾದಾಗ. ಹೋದ ತಿಂಗಳು ಅಮ್ಮನನ್ನು ಕರೆದುಕೊಂಡು ಧರ್ಮಸ್ಥಳಕ್ಕೆ ಹೋಗಿದ್ದೆವು. ವಾಪಸ್ ಬರುವಾಗ ಶಿರಾಡಿ ಘಾಟಿ ಹತ್ತಿ ಮಾರನಹಳ್ಳಿ ಹತ್ತಿರ ಟೀ ಕುಡಿಯಲು ನಿಲ್ಲಿಸಿದೆ, ಹತ್ತು ನಿಮಿಷ ಬಿಟ್ಟು ಕೀ ತಿರುಗಿಸಿದರೆ ಗಾಡಿ ಸ್ಟಾರ್ಟೇ ಆಗಲಿಲ್ಲ. ಒಬ್ಬ ಲಾರಿ ಡ್ರೈವರ್ ಬಂದು ಪೆಟ್ರೋಲ್ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ, ಇಪ್ಪತ್ತು ನಿಮಿಷ ಕಾಯಿಸಿ ಸ್ಟಾರ್ಟ್ ಮಾಡಿಕೊಟ್ಟರು. ಅಮ್ಮ ಇನ್ನು ಈ ಗಾಡಿಯಲ್ಲಿ ದೂರ ಬರುವುದಿಲ್ಲ ಅಂದುಬಿಟ್ಟಿದ್ದಾರೆ.

ಇಲ್ಲಿನ ಒಂದು ಗ್ಯಾರೇಜಿನಲ್ಲಿ "ಕಾರ್ಬೊರೇಟರ್ ಕಿತ್ತು ಇಂಜೆಕ್ಷನ್ ಹಾಕಿಸಿ, ಎಲ್ಲ ಸರಿ ಹೋಗುತ್ತೆ" ಅನ್ನುತ್ತಿದ್ದಾರೆ, ಅಂದರೆ ಕಂಪ್ಯೂಟರ್ ಲೆಕ್ಕ ಹಾಕಿ ಪೆಟ್ರೋಲ್ ಚಿಮ್ಮಿಸುವ ವ್ಯವಸ್ಥೆ. ಪೆಟ್ರೋಲ್ ಕೂಡ ಈಗ ಇ20 (20% ಎಥನಾಲ್ ಬೆರೆಸಿದ್ದು) ಅಲ್ವಾ, ಹಳೆ ಕಾರ್ಬೊರೇಟರ್ ತಡೆಯುತ್ತದಾ ಅನ್ನೋ ಭಯವೂ ಇದೆ. ವಾರಕ್ಕೆ ಎರಡು ದಿನ ಊರೊಳಗೆ, ತಿಂಗಳಿಗೆ ಒಂದು ಸಲ ದೂರ, ಅಷ್ಟೇ ಓಡಿಸುವುದು. ಏನು ಮಾಡಲಿ?

ಹಳೇಗಾಡಿ_ದಾವಣಗೆರೆ

ಸರ್, ನಾನು ಮೂವತ್ತು ವರ್ಷದಿಂದ ಫಿಯಟ್, ಅಂಬಾಸಿಡರ್ ಕೆಲಸ ಮಾಡುತ್ತಿದ್ದೇನೆ. ನೀವು ಹೇಳಿದ ನಾಲ್ಕು ತೊಂದರೆಗೂ ನಾಲ್ಕು ಬೇರೆ ಬೇರೆ ಕಾರಣ ಇರಬಹುದು. ಇಂಜೆಕ್ಷನ್ ಹಾಕಿದರೆ ಎಲ್ಲ ಒಟ್ಟಿಗೆ ಹೋಗುತ್ತದೆ ಅಂದವರು ಯಾವುದನ್ನೂ ಬಿಚ್ಚಿ ನೋಡಿಲ್ಲ.

ಮೊದಲು ಕಾರ್ಬೊರೇಟರ್ ಮುಟ್ಟಬೇಡಿ. ಪ್ಲಗ್‌ಗಳಿಗೆ ಕಿಡಿಯ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದು ಪಾಯಿಂಟ್ ನೋಡಿ, ಕಂಡೆನ್ಸರ್ ನೋಡಿ, ಶಾಫ್ಟ್ ಕೈಯಲ್ಲಿ ಅಲ್ಲಾಡಿಸಿ ನೋಡಿ. ಕಾರ್ಬೊರೇಟರ್ ಕೆಟ್ಟಿದೆ ಅಂತ ನಮ್ಮಲ್ಲಿಗೆ ಬರುವ ಗಾಡಿಗಳಲ್ಲಿ ಎಷ್ಟೋ ಗಾಡಿಗೆ ಪಾಯಿಂಟ್ ಸುಟ್ಟಿರುತ್ತದೆ. ಅದು ಸರಿ ಇದ್ದರೆ ಮುಂದಕ್ಕೆ ಹೋಗೋಣ.

ಐಡ್ಲಿಂಗ್ ನಿಲ್ಲದೆ ಇರುವುದಕ್ಕೆ ಹೆಚ್ಚಾಗಿ ಕಳ್ಳ ಗಾಳಿ ಕಾರಣ. ಥ್ರಾಟಲ್ (ಗಾಳಿ ಬಿಡುವ ತಟ್ಟೆ) ಸ್ಪಿಂಡಲ್ ಹಿಡಿದು ಮೇಲೆ ಕೆಳಗೆ ಆಡಿಸಿ. ಆಟ ಇದ್ದರೆ ಆ ಸಂದಿನಿಂದ ಗಾಳಿ ಒಳಗೆ ಹೋಗುತ್ತಿದೆ ಅಂತಲೇ ಅರ್ಥ. ಆಗ ಎಷ್ಟು ಸ್ಕ್ರೂ ತಿರುಗಿಸಿದರೂ ಟ್ಯೂನಿಂಗ್ ಕೂರುವುದಿಲ್ಲ. ಲೇತ್ ಅಂಗಡಿಯಲ್ಲಿ ಹಿತ್ತಾಳೆ ಬುಷ್ ಹೊಡೆಸಬೇಕು. ಇನ್ನೊಂದು, ಕಾರ್ಬೊರೇಟರ್ ಕೂರುವ ಕೆಳಗಿನ ಅಂಚು, ಫ್ಲ್ಯಾಂಜ್. ನಟ್ ಎಳೆದೂ ಎಳೆದೂ ಅದು ಬಾಗಿರುತ್ತದೆ. ಗಾಜಿನ ಮೇಲೆ ಇಟ್ಟು ನೋಡಿ, ಅಲ್ಲಾಡಿದರೆ ಎಮರಿ ಪೇಪರ್ ಹಾಕಿ ಮಟ್ಟ ಮಾಡಿ.

ಪಿಕಪ್ ಕೊಡುವಾಗ ಉಸಿರು ಕಟ್ಟುವುದು ಆಕ್ಸಿಲರೇಟರ್ ಪಂಪಿನ ದೋಷ. ಪೆಡಲ್ ತಟ್ಟನೆ ಒತ್ತಿದಾಗ ಗಾಳಿ ಮೊದಲು ಓಡುತ್ತದೆ, ಪೆಟ್ರೋಲ್ ಹಿಂದೆ ಬೀಳುತ್ತದೆ. ಆ ಸಂದು ತುಂಬಲು ಒಂದು ಚಿಮ್ಮು ಪೆಟ್ರೋಲ್ ಕೊಡುವುದೇ ಆ ಪಂಪಿನ ಕೆಲಸ. ಏರ್ ಕ್ಲೀನರ್ ತೆಗೆದು, ಇಂಜಿನ್ ಆಫ್ ಇಟ್ಟು, ಮೇಲಿಂದ ನೋಡುತ್ತಾ ಥ್ರಾಟಲ್ ಎಳೆಯಿರಿ. ನೇರವಾಗಿ ಗೆರೆ ಎಳೆದ ಹಾಗೆ ಚಿಮ್ಮಬೇಕು. ತೊಟ್ಟಿಕ್ಕಿದರೆ ಅದರ ರಬ್ಬರ್ ಪೊರೆ, ಡಯಾಫ್ರಾಮ್, ಹೋಗಿದೆ. ಎರಡು ವರ್ಷ ನಿಂತ ಗಾಡಿ ಅಲ್ವಾ, ಹೋಗಿರಲೇಬೇಕು.

ಒಂದು ಮಾತು ನೆನಪಿಡಿ. ಜೆಟ್ (ಪೆಟ್ರೋಲ್ ಅಳೆದು ಬಿಡುವ ಸಣ್ಣ ತೂತಿನ ತುಂಡು) ಒಳಗೆ ತಂತಿ ಹಾಕಲು ಯಾರಿಗೂ ಬಿಡಬೇಡಿ. ಹಿತ್ತಾಳೆ ಮೆತ್ತಗೆ, ಒಂದು ಸಲ ತೂತು ದೊಡ್ಡದಾದರೆ ಆ ಜೆಟ್ ಅಲ್ಲಿಗೆ ಮುಗಿಯಿತು. ಪೆಟ್ರೋಲಿನಲ್ಲಿ ನೆನೆಸಿ ಗಾಳಿ ಹೊಡೆದರೆ ಸಾಕು. ಹಾಗೇ ಟ್ಯಾಂಕ್ ಇಳಿಸಿ ತುಕ್ಕು ತೊಳೆಸಿ, ಇಲ್ಲದಿದ್ದರೆ ಈ ಕೆಲಸ ಎಲ್ಲ ತಿಂಗಳಿಗೇ ಹಾಳು.

ಜಿಪ್ಸಿ_ಕೊಡಗು

ನಾನು ಇಂಜೆಕ್ಷನ್ ಮಾಡಿಸಿದವನು, ಹಾಗಾಗಿ ಆ ಕಡೆಯ ಮಾತನ್ನೂ ಹೇಳುತ್ತೇನೆ. ನನ್ನದು 1998ರ ಮಾರುತಿ ಜಿಪ್ಸಿ, 1.3 ಲೀಟರ್, ಕಾರ್ಬೊರೇಟರ್ ಗಾಡಿ. 2000ದಲ್ಲಿ ಅದೇ ಜಿಪ್ಸಿಗೆ ಕಂಪನಿಯೇ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಬೇರೆ ಇಂಜೆಕ್ಟರ್) ಕೊಟ್ಟಿತು. 60 ಇದ್ದ ಕುದುರೆಶಕ್ತಿ 80 ಆಯಿತು. ನಾನು ಆರ್‌ಟಿಓದಲ್ಲಿ ಕೇಳಿ ಒಪ್ಪಿಗೆ ತೆಗೆದುಕೊಂಡು ಆ ಇಂಜಿನ್, ಇಸಿಎಂ (ಇಂಜಿನ್ ಕಂಪ್ಯೂಟರ್), ಪೂರ್ತಿ ವೈರಿಂಗ್, ಒಳಗೇ ಪಂಪ್ ಇರುವ ಟ್ಯಾಂಕ್, ಎಲ್ಲ ಒಂದೇ ಗಾಡಿಯಿಂದ ತಂದು ಕೂರಿಸಿದೆ. ಮಳೆಗಾಲದ ಮಡಿಕೇರಿ ಚಳಿಯಲ್ಲಿ ಕೀ ತಿರುಗಿಸಿದರೆ ಸಾಕು, ಸ್ಟಾರ್ಟ್. ಚೋಕ್ ಅನ್ನೋದೇ ಮರೆತುಹೋಗಿದೆ. ತೋಟದ ಏರಿನಲ್ಲಿ ಗಾಡಿ ಎಷ್ಟು ವಾಲಿದರೂ ಫ್ಲೋಟ್ ಚೇಂಬರ್ (ಕಾರ್ಬೊರೇಟರ್‌ನಲ್ಲಿ ಪೆಟ್ರೋಲ್ ನಿಲ್ಲುವ ಬಟ್ಟಲು) ತೊಂದರೆ ಇಲ್ಲ. ನನಗೆ ಒಂದು ಚೂರೂ ಬೇಸರ ಇಲ್ಲ.

ಆದರೆ ನಿಮ್ಮ ಪದ್ಮಿನಿಗೆ ಇದನ್ನು ಹೇಳಲು ನನಗೆ ಧೈರ್ಯ ಬರುವುದಿಲ್ಲ. ನನಗೆ ಕಂಪನಿ ಮಾಡಿದ ಸಾಮಾನು ಸಿಕ್ಕಿತು, ಒಂದಕ್ಕೊಂದು ಹೊಂದಿಕೊಂಡಿತು. ನಿಮ್ಮ ಇಂಜಿನ್ನಿಗೆ ಅಂತಹ ಸೆಟ್ ಇಲ್ಲ. ಒಂದು ಗಾಡಿಯ ಥ್ರಾಟಲ್ ಬಾಡಿ, ಇನ್ನೊಂದರ ಸೆನ್ಸರ್, ಮತ್ತೊಂದರ ಪಂಪ್ ಸೇರಿಸಬೇಕು. ಎಲ್ಲೋ ಸಕಲೇಶಪುರದ ಹತ್ತಿರ ನಿಂತರೆ ಅದನ್ನು ಓದಿ ಅರ್ಥ ಮಾಡಿಕೊಳ್ಳುವ ಮೆಕ್ಯಾನಿಕ್ ಇರುವುದಿಲ್ಲ, ಮಾಡಿಕೊಟ್ಟವನೇ ಬರಬೇಕು. ಕಾರ್ಬೊರೇಟರ್ ಕೆಟ್ಟರೆ ಒಂದು ಸ್ಕ್ರೂಡ್ರೈವರ್ ಇಟ್ಟುಕೊಂಡು ಹೇಗೋ ಮನೆ ಸೇರಬಹುದು.

ಪೆಟ್ರೋಲ್ ಒತ್ತಡದ ಮಾತು ಯಾರೂ ಹೇಳುವುದಿಲ್ಲ, ಅದನ್ನು ದಯವಿಟ್ಟು ಗಮನಿಸಿ. ಕಾರ್ಬೊರೇಟರ್‌ಗೆ 0.2, 0.3 ಬಾರ್ ಸಾಕು. ಎಂಪಿಎಫ್‌ಐಗೆ ಸುಮಾರು 3 ಬಾರ್ ಬೇಕು, ಅಂದರೆ ಹತ್ತು ಪಟ್ಟು. ನಲವತ್ತು ವರ್ಷದ ಪೈಪಿನಲ್ಲಿ, ಮಾಮೂಲಿ ಕ್ಲಿಪ್ ಹಾಕಿದ ರಬ್ಬರಿನಲ್ಲಿ ಅಷ್ಟು ಒತ್ತಡ ಓಡಿಸಿದರೆ ಒಂದು ಸಣ್ಣ ಸೀಳು ಸಾಕು, ಬಿಸಿ ಮ್ಯಾನಿಫೋಲ್ಡ್ ಮೇಲೆ ಪೆಟ್ರೋಲ್ ಸಿಡಿಯುತ್ತದೆ. ಅಮ್ಮನನ್ನು ಕೂರಿಸಿಕೊಂಡು ಹೋಗುವ ಗಾಡಿ ಅದು.

ಜೆಟ್_ಲೆಕ್ಕ_ಬೆಂಗಳೂರು

ಇ20 ವಿಷಯಕ್ಕೆ ನಾನು ಬರುತ್ತೇನೆ. 2023ರ ಫೆಬ್ರವರಿ 6ರಂದು ಇ20 ಬಿಡುಗಡೆ ಆಗಿದ್ದೇ ನಮ್ಮ ಬೆಂಗಳೂರಿನಲ್ಲಿ. ಅವತ್ತಿನಿಂದ ಹಳೆ ಗಾಡಿ ಇಟ್ಟುಕೊಂಡವರು ಇದನ್ನೇ ಕೇಳುತ್ತಿದ್ದಾರೆ.

ಒಂದು ಕೆಜಿ ಬರಿ ಪೆಟ್ರೋಲ್ ಪೂರ್ತಿ ಉರಿಯಲು 14.7 ಕೆಜಿ ಗಾಳಿ ಬೇಕು. ಇ20ಗೆ ಸುಮಾರು 13.5 ಸಾಕು, ಯಾಕಂದ್ರೆ ಎಥನಾಲ್‌ನಲ್ಲಿ ಆಮ್ಲಜನಕ ಆಗಲೇ ಇದೆ. ಇಂಜೆಕ್ಷನ್ ಗಾಡಿಯಲ್ಲಿ ಆಕ್ಸಿಜನ್ ಸೆನ್ಸರ್ ಇದನ್ನು ನೋಡಿ ಪೆಟ್ರೋಲ್ ಜಾಸ್ತಿ ಬಿಡುತ್ತದೆ. ಜೆಟ್‌ಗೆ ಅದು ಗೊತ್ತಾಗುವುದಿಲ್ಲ, ತೂತು ಅಷ್ಟೇ ಇರುತ್ತದೆ. ಹಾಗಾಗಿ ಬರಿ ಪೆಟ್ರೋಲಿಗೆ ಹೊಂದಿಸಿದ ಕಾರ್ಬೊರೇಟರ್ ಇ20ರಲ್ಲಿ ಸುಮಾರು 8% ಲೀನ್, ಅಂದರೆ ಪೆಟ್ರೋಲ್ ಕಡಿಮೆಯಾಗಿ, ಓಡುತ್ತದೆ.

ಈಗ ಎತ್ತರ ಸೇರಿಸಿ. ಪದ್ಮಿನಿ ತಯಾರಾಗುತ್ತಿದ್ದದ್ದು ಮುಂಬೈನ ಕುರ್ಲಾದಲ್ಲಿ, ಸಮುದ್ರ ಮಟ್ಟದ ಊರು. ಹಾಸನ, ಬೆಂಗಳೂರು ಎರಡೂ 900 ಮೀಟರ್‌ಗಿಂತ ಮೇಲೆ. ಇಲ್ಲಿ ಗಾಳಿ ತೆಳು, ಅದಕ್ಕೆ ಅದೇ ಜೆಟ್ 4, 5% ರಿಚ್, ಅಂದರೆ ಪೆಟ್ರೋಲ್ ಜಾಸ್ತಿ, ಆಗುತ್ತದೆ. ಅಂದರೆ ಹಾಸನದಲ್ಲಿ ಎಥನಾಲ್ ಮಾಡಿದ್ದನ್ನು ಎತ್ತರ ಅರ್ಧ ಸರಿ ಮಾಡುತ್ತದೆ. ಘಾಟಿ ಇಳಿದು ಮಂಗಳೂರು ಕಡೆ ಹೋದರೆ ಆ ಸಹಾಯ ಇಲ್ಲ, ಪೂರ್ತಿ 8% ಲೀನ್. ಲೀನ್ ಆದ ಇಂಜಿನ್ ಬಿಸಿ ಜಾಸ್ತಿ. ಅಲ್ಲಿಂದ ತಿರುಗಿ ಶಿರಾಡಿ ಹತ್ತಿದ್ದೀರಿ, ನಿಮ್ಮ ಮಾರನಹಳ್ಳಿ ಕಥೆಗೆ ಇದೂ ಒಂದು ಕಾರಣ ಇರಬಹುದು ಅಂತ ನನಗೆ ಬಲವಾಗಿ ಅನ್ನಿಸುತ್ತಿದೆ.

ಸೋಲೆಕ್ಸ್ ಜೆಟ್ ಮೇಲಿನ ನಂಬರ್ ಅಂದರೆ ತೂತಿನ ಅಗಲ, ಮಿಲಿಮೀಟರಿನ ನೂರನೇ ಭಾಗದಲ್ಲಿ. ಉದಾಹರಣೆಗೆ 120 ತೆಗೆದು 125 ಹಾಕಿದರೆ ಅಗಲ ಬರೀ 4% ಜಾಸ್ತಿ, ಆದರೆ ಪೆಟ್ರೋಲ್ ಹರಿಯುವ ಜಾಗ 8.5% ಜಾಸ್ತಿ. ನಿಮಗೆ ಅದರ ಅರ್ಧ ಸಾಕು. ಒಂದೇ ಒಂದು ಹೆಜ್ಜೆ ದೊಡ್ಡ ಜೆಟ್ ಹಾಕಿ, ಇಪ್ಪತ್ತು ಕಿಲೋಮೀಟರ್ ಓಡಿಸಿ, ಪ್ಲಗ್ ಬಿಚ್ಚಿ ಬಣ್ಣ ನೋಡಿ. ತಿಳಿ ಕಂದು ಬಂದರೆ ಸರಿ. ಬೆಳ್ಳಗಿದ್ದರೆ ಇನ್ನೂ ಲೀನ್, ಕಪ್ಪು ಮಸಿ ಇದ್ದರೆ ಜಾಸ್ತಿ ಆಯಿತು.

ಪಂಪಿನ ಡಯಾಫ್ರಾಮ್, ಪೆಟ್ರೋಲ್ ಪೈಪ್ ಎರಡನ್ನೂ ಎಥನಾಲ್ ತಡೆಯುವ ರಬ್ಬರಿನದ್ದೇ ಕೇಳಿ ತೆಗೆದುಕೊಳ್ಳಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಫ್ಲೋಟ್ ಚೇಂಬರ್ ಖಾಲಿ ಮಾಡಿ. ಎಥನಾಲ್ ನೀರು ಎಳೆದುಕೊಳ್ಳುತ್ತದೆ, ಕಾರ್ಬೊರೇಟರ್ ಒಳಗೆ ಬಿಳಿ ಪುಡಿ ಹಿಡಿಯುತ್ತದೆ.

ಮಸ್ಟಾಂಗ್67_ಡೆನ್ವರ್

ನಾನು ಮೈಸೂರಿನವನು, ಈಗ ಇರುವುದು ಕೊಲೊರಾಡೊದಲ್ಲಿ. ನನ್ನ 1967ರ ಮಸ್ಟಾಂಗ್‌ಗೆ ಕಾರ್ಬೊರೇಟರ್ ಜಾಗದಲ್ಲೇ ಕೂರುವ ಥ್ರಾಟಲ್ ಬಾಡಿ ಇಂಜೆಕ್ಷನ್ ಕಿಟ್ ಹಾಕಿದ್ದೇನೆ. ಇಲ್ಲಿ ಅದಕ್ಕೆ ಅರ್ಥ ಇದೆ. ಡೆನ್ವರ್ ಇರುವುದೇ 1,600 ಮೀಟರ್ ಮೇಲೆ. ಭಾನುವಾರ ಲವ್‌ಲ್ಯಾಂಡ್ ಪಾಸ್ ಹತ್ತಿದರೆ 3,655 ಮೀಟರ್. ಚಳಿಗಾಲದಲ್ಲಿ ಸೊನ್ನೆಗಿಂತ ಹತ್ತು ಡಿಗ್ರಿ ಕೆಳಗೆ ಸ್ಟಾರ್ಟ್ ಮಾಡಬೇಕು. ಒಂದೇ ಜೆಟ್ ಇಟ್ಟುಕೊಂಡು ಇದೆಲ್ಲ ಆಗುವುದಿಲ್ಲ.

ಆದರೆ ಕಿಟ್ ಹಾಕಿದ ದಿನವೇ ಸುಖ ಸಿಗಲಿಲ್ಲ. ಗಾಡಿ ಓಡುತ್ತಾ ಓಡುತ್ತಾ ಸುಮ್ನೆ ಆಫ್ ಆಗುತ್ತಿತ್ತು. ಮೂರು ವಾರ ಹುಡುಕಿದೆ. ಹಳೆಯ ತಾಮ್ರದ ಪ್ಲಗ್ ವೈರ್‌ನಿಂದ ಬರುವ ಕಿರಿಕಿರಿ ಕಂಪ್ಯೂಟರಿಗೆ ತಗಲುತ್ತಿತ್ತು. ರೆಸಿಸ್ಟೆನ್ಸ್ ಇರುವ ವೈರ್ ಹಾಕಿ, ಇಸಿಯುಗೆ (ಆ ಕಂಪ್ಯೂಟರಿಗೆ) ನೇರ ಬ್ಯಾಟರಿಯಿಂದ ಲೈನ್ ಎಳೆದ ಮೇಲೆ ಸರಿ ಹೋಯಿತು. ಕರೆಂಟ್ ಗಟ್ಟಿ ಇಲ್ಲದ ಗಾಡಿಗೆ ಇಂಜೆಕ್ಷನ್ ಆಗುವುದಿಲ್ಲ. ನಿಮ್ಮ ಫಿಯಟ್‌ನಲ್ಲಿ ಇನ್ನೂ ಡೈನಮೋ ಇದ್ದರೆ ಈ ಆಸೆ ಬಿಟ್ಟುಬಿಡಿ. ಐಡ್ಲಿಂಗ್‌ನಲ್ಲಿ ಅದು ಕೊಡುವ ಕರೆಂಟ್ ಹೆಡ್‌ಲೈಟಿಗೇ ಸಾಲದು, ಪಂಪು, ಇಂಜೆಕ್ಟರ್ ಎಲ್ಲಿಂದ ಓಡಬೇಕು?

ಆರ್‌ಸಿ_ಪುಸ್ತಕ

ಒಂದೇ ವಿಷಯ. ಕಂಪನಿ ಕೊಟ್ಟ ರೂಪ ಬದಲಿಸುವುದಕ್ಕೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಅಡ್ಡ ಬರುತ್ತದೆ, ಕೇಳದೆ ಮಾಡಿಸಬೇಡಿ. 2021ರಲ್ಲಿ ಕೇಂದ್ರ ತಂದ ವಿಂಟೇಜ್ ನಿಯಮದ ಪ್ರಕಾರ ಗಾಡಿಗೆ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು. ನಿಮ್ಮದಕ್ಕೆ 2031ಕ್ಕೆ 50 ತುಂಬುತ್ತದೆ. ಆ ನೋಂದಣಿ ಮಾಡಿಸಿದರೆ ದಿನಾ ಓಡಿಸುವ ಹಾಗಿಲ್ಲ, ಅದು ಬೇರೆ ಮಾತು. ಆದರೂ ಕಿತ್ತ ಒಂದೊಂದು ನಟ್ ಕೂಡ ಡಬ್ಬಿಯಲ್ಲಿ ಎತ್ತಿಡಿ.

ಪದ್ಮಿನಿ81_ಹಾಸನ

ಐದು ವಾರ ಆದ ಮೇಲೆ ಬರೆಯುತ್ತಿದ್ದೇನೆ, ತಡ ಆಯಿತು, ಕ್ಷಮಿಸಿ. ಕಾರ್ಬೊರೇಟರ್ ಉಳಿಸಿಕೊಂಡೆ.

ದಾವಣಗೆರೆ ಅಣ್ಣ ಹೇಳಿದ್ದು ಅಕ್ಷರಶಃ ನಿಜ. ಸ್ಪಿಂಡಲ್ ಕೈಯಲ್ಲಿ ಹಿಡಿದರೆ ಟಕ ಟಕ ಅನ್ನುತ್ತಿತ್ತು. ಬುಷ್ ಹಾಕಿಸಿದೆ, ಫ್ಲ್ಯಾಂಜ್ ಮಟ್ಟ ಮಾಡಿಸಿದೆ, ಎರಡೂ ಡಯಾಫ್ರಾಮ್ ಹೊಸದು. ಟ್ಯಾಂಕಿನಿಂದ ಒಂದು ಲೋಟ ತುಕ್ಕು ಬಂತು. ಕಾರ್ಬೊರೇಟರ್ ಕೆಳಗೆ ಬಿಸಿ ತಡೆಯುವ ದಪ್ಪ ಬೇಕಲೈಟ್ ಪ್ಯಾಕಿಂಗ್ ಹಾಕಿದ್ದೇವೆ, ಪೆಟ್ರೋಲ್ ಪೈಪನ್ನು ಎಕ್ಸಾಸ್ಟ್‌ನಿಂದ ದೂರ ಸರಿಸಿದ್ದೇವೆ. ಮೇನ್ ಜೆಟ್ ಒಂದು ಹೆಜ್ಜೆ ದೊಡ್ಡದು. ಪ್ಲಗ್ ಈಗ ತಿಳಿ ಕಂದು ಬಣ್ಣ.

ಮೊನ್ನೆ ಭಾನುವಾರ ಮತ್ತೆ ಶಿರಾಡಿ ಇಳಿದು ಹತ್ತಿದೆ. ಅದೇ ಮಾರನಹಳ್ಳಿಯಲ್ಲಿ ಬೇಕಂತಲೇ ನಿಲ್ಲಿಸಿ, ಕಾಲು ಗಂಟೆ ಬಿಟ್ಟು ಕೀ ತಿರುಗಿಸಿದೆ. ಎರಡನೇ ಸಲಕ್ಕೆ ಹಿಡಿಯಿತು. ನನಗಾದ ಸಂತೋಷ ಹೇಳಲು ಆಗುವುದಿಲ್ಲ. ಅಮ್ಮನಿಗೆ ಅಲ್ಲಿಂದಲೇ ಫೋನ್ ಮಾಡಿದೆ.

ಉಳಿದಿರುವುದು ಒಂದೇ. ನಾಲ್ಕೈದು ದಿನ ನಿಂತ ಮೇಲೆ ಬೆಳಗ್ಗೆ ಇನ್ನೂ ತುಂಬ ಹೊತ್ತು ಸೆಲ್ಫ್ ಹೊಡೆಯಬೇಕು. ದಿನಾ ಓಡಿಸಿದರೆ ತೊಂದರೆ ಇಲ್ಲ.

ಹಳೇಗಾಡಿ_ದಾವಣಗೆರೆ

ಬಹಳ ಖುಷಿ ಆಯಿತು ಸರ್. ಅದು ರೋಗ ಅಲ್ಲ. ನಾಲ್ಕು ದಿನ ನಿಂತರೆ ಫ್ಲೋಟ್ ಚೇಂಬರಿನ ಪೆಟ್ರೋಲ್ ಆರಿಹೋಗುತ್ತದೆ, ಇಂಜಿನ್ ತಿರುಗಿದರೆ ಮಾತ್ರ ಪಂಪ್ ಎಳೆಯುವುದು, ಅದಕ್ಕೇ ತಡ. ಪಂಪಿನ ಪಕ್ಕ ಕೈಯಲ್ಲಿ ಒತ್ತುವ ಸಣ್ಣ ಲಿವರ್ ಇದೆಯಾ ನೋಡಿ. ಇದ್ದರೆ ಸೆಲ್ಫ್ ಹೊಡೆಯುವ ಮೊದಲು ಹತ್ತು ಹದಿನೈದು ಸಲ ಒತ್ತಿ. ಚೇಂಬರ್ ತುಂಬಿದಾಗ ಕೈಗೆ ಬಿಗಿ ಬದಲಾಗುವುದು ಗೊತ್ತಾಗುತ್ತದೆ. ಆಮೇಲೆ ಚೋಕ್ ಪೂರ್ತಿ ಎಳೆದು, ಆಕ್ಸಿಲರೇಟರ್ ಮುಟ್ಟದೆ ಕೀ ತಿರುಗಿಸಿ. ಶನಿವಾರ ಮಾಡಿ ನೋಡಿ ಬರೆಯಿರಿ.