ಅಮೆರಿಕದವರಿಗೆ ಪಕ್ಕದ ಕೆನಡಾ ಬಗ್ಗೆ ನಿಜವಾಗ್ಲೂ ಎಷ್ಟು ಗೊತ್ತು?

ಡಲ್ಲಾಸ್_ದಾವಣಗೆರೆ ಕೇಳಿದ್ದು:

ಎಲ್ರಿಗೂ ನಮಸ್ಕಾರ. ನಾನು ಡಲ್ಲಾಸ್ ಹತ್ರ ಐಟಿ ಕೆಲ್ಸದಲ್ಲಿದೀನಿ, ಎಚ್-1ಬಿ. ನವೆಂಬರಲ್ಲಿ ಥ್ಯಾಂಕ್ಸ್‌ಗಿವಿಂಗ್ ರಜಕ್ಕೆ ನಯಾಗರಾ ನೋಡ್ಕೊಂಡು ಹಾಗೇ ಬ್ರಾಂಪ್ಟನ್‌ನಲ್ಲಿರೋ ಚಿಕ್ಕಪ್ಪನ ಮಗನ ಮನೆಗೂ ಹೋಗ್ಬರೋಣ ಅಂತ ಯೋಚ್ನೆ. ಕೆನಡಾ ವೀಸಾಗೆ ಅಪ್ಲೈ ಮಾಡ್ಬೇಕು ಅಂತ ಆಫೀಸಲ್ಲಿ ಹೇಳಿದ್ರೆ ನಮ್ಮ ಮ್ಯಾನೇಜರ್ "ಕೆನಡಾಗೆ ವೀಸಾನಾ? ಕಾರ್ ತಗೊಂಡು ಹೋಗ್ತಾ ಇರು" ಅಂದ. ಇನ್ನೊಬ್ಳು ಅಲ್ಲೂ ಡಾಲರ್ ತಾನೇ ಅಂದ್ಲು. ಹೌದು ತಾಯಿ ಡಾಲರ್ರೇ, ಆದ್ರೆ ಅವರ ಡಾಲರ್ ಬೇರೆ, ನಿಮ್ದಕ್ಕಿಂತ ರೇಟೂ ಕಮ್ಮಿ ಅಂದ್ರೆ ನಾನೇನೋ ತಮಾಷೆ ಮಾಡ್ತಿದೀನಿ ಅನ್ಕೊಂಡ್ಲು. ರಾಜಧಾನಿ ಯಾವ್ದು ಅಂತ ಕೇಳ್ದೆ, ಸುಮಾರು ಜನ ಟೊರಾಂಟೊ ಅಂದ್ರು, ಒಬ್ಬ ಮಾಂಟ್ರಿಯಲ್ ಅಂದ.

ಇವರ್ಯಾರೂ ದಡ್ಡರಲ್ಲ, ಅವರವರ ಕೆಲ್ಸದಲ್ಲಿ ಅರೆದು ಕುಡಿದಿರೋರು. ಎರಡೂ ದೇಶದ ಮಧ್ಯೆ ಗಡಿ 8,891 ಕಿ.ಮೀ., ಪ್ರಪಂಚದಲ್ಲಿ ಇಷ್ಟುದ್ದ ಗಡಿ ಬೇರೆ ಯಾವ ಎರಡು ದೇಶಕ್ಕೂ ಇಲ್ಲ, ಆದ್ರೂ ಹಿಂಗ್ಯಾಕೆ? ಟೆಕ್ಸಸ್ ದೂರ ಅಂತನಾ ಅಥವಾ ಎಲ್ಲಾ ಕಡೆ ಇದೇ ಕತೆನಾ? ಗಡಿ ಹತ್ರ ಇರೋರು ಸ್ವಲ್ಪ ಹೇಳಿ.

ವಿಂಡ್ಸರ್_ವಾಸಿ:

ಮೊದ್ಲು ವೀಸಾ ವಿಷ್ಯ ಮುಗಿಸ್ಬಿಡ್ತೀನಿ. ಇಂಡಿಯನ್ ಪಾಸ್‌ಪೋರ್ಟ್, ಎಚ್-1ಬಿ ಅಂದ್ರೆ ಕೆನಡಾ ವಿಸಿಟರ್ ವೀಸಾ ಬೇಕೇ ಬೇಕು, ಗ್ರೀನ್ ಕಾರ್ಡ್ ಇದ್ದಿದ್ರೆ ಬೇಡ. ನಿಮ್ಮ ಮ್ಯಾನೇಜರ್ ಮಾತು ಕೇಳ್ಕೊಂಡು ನಯಾಗರಾ ಗಡಿಯ ರೇನ್‌ಬೋ ಬ್ರಿಡ್ಜ್ ಹತ್ರ ಹೋದ್ರೆ ವಾಪಸ್ ಕಳಿಸ್ತಾರೆ. ಅವನ್ದೂ ತಪ್ಪಿಲ್ಲ ಬಿಡಿ, ಅವರಿಗೆ ರೋಡಲ್ಲಿ ದಾಟೋಕೆ ಪಾಸ್‌ಪೋರ್ಟ್ ಥರದ ಕಾಗದ ಕಡ್ಡಾಯ ಆಗಿದ್ದೇ 2009ರ ಜೂನ್‌ನಲ್ಲಿ, ಅದಕ್ಕೆ ಮುಂಚೆ ಡ್ರೈವಿಂಗ್ ಲೈಸೆನ್ಸ್ ತೋರಿಸಿ ಬಾಯಲ್ಲಿ "ಅಮೆರಿಕನ್" ಅಂದ್ರೂ ನಡೀತಿತ್ತು. ಇನ್ನೊಂದು, ಕೆನಡಾ ಥ್ಯಾಂಕ್ಸ್‌ಗಿವಿಂಗ್ ಅಕ್ಟೋಬರ್ ಎರಡನೇ ಸೋಮವಾರ, ನವೆಂಬರಲ್ಲಿ ಅಲ್ಲ, ನೀವು ಹೋಗೋ ದಿನ ನಿಮ್ಮ ಕಸಿನ್ ಆಫೀಸಲ್ಲಿರ್ತಾನೆ.

ಇನ್ನು ನಿಮ್ಮ ಪ್ರಶ್ನೆ. ನಾನಿರೋದು ಕೆನಡಾದ ವಿಂಡ್ಸರ್, ನದಿ ಆಚೆ ದಡ ಅಮೆರಿಕದ ಡೆಟ್ರಾಯ್ಟ್. ಮ್ಯಾಪ್ ತೆಗೆದು ನೋಡಿ, ಇಲ್ಲಿ ಕೆನಡಾ ಇರೋದು ದಕ್ಷಿಣಕ್ಕೆ, ಅಮೆರಿಕ ಉತ್ತರಕ್ಕೆ. ಡೆಟ್ರಾಯ್ಟ್‌ನೋರಿಗೆ ಇದು ಬಾಯಿಪಾಠ, ಹೊರಗಡೆಯಿಂದ ಬಂದವರ ಹತ್ರ ಬೆಟ್ ಕಟ್ಟೋಕೆ ಇಟ್ಕೊಂಡಿರ್ತಾರೆ. ಬೇರೆ ಊರಿನ ಅಮೆರಿಕದವರಿಗೆ ಹೇಳಿದ್ರೆ ನಂಬಲ್ಲ, ಅವರ ತಲೇಲಿ ಕೆನಡಾ ಅಂದ್ರೆ ಮೇಲ್ಗಡೆ ಇರೋ ಬಿಳಿ ಜಾಗ ಅಷ್ಟೆ. ನಮ್ಮ ಈ ಕಡೆ ಪಾಯಿಂಟ್ ಪೆಲೀ ಅಂತ ಇದೆ, ಅದು ಕ್ಯಾಲಿಫೋರ್ನಿಯಾದ ಉತ್ತರದ ಗಡಿಗಿಂತ ಸ್ವಲ್ಪ ಕೆಳಗೇ ಬರುತ್ತೆ.

ನನ್ನ ಹೆಂಡ್ತಿ ನರ್ಸು, ಕೆಲ್ಸ ಡೆಟ್ರಾಯ್ಟ್‌ನಲ್ಲಿ, ನದಿ ಕೆಳಗಿನ ಟನಲ್ಲಲ್ಲಿ ಓಡಾಡ್ತಾಳೆ, ಅವಳ ಥರ ಈ ಊರಿಂದ ತುಂಬಾ ಜನ ಹೋಗ್ತಾರೆ. ಅಲ್ಲಿನ ಸಹೋದ್ಯೋಗಿಗಳಿಗೆ ಕೆನಡಾ ಚೆನ್ನಾಗೇ ಗೊತ್ತು, ಆದ್ರೆ ಗೊತ್ತಿರೋದು ಏನು ಅಂತ ನೋಡಿ: ಐಸ್ ಹಾಕಿ, ಚಾನೆಲ್ 9ರಲ್ಲಿ ಬರ್ತಿದ್ದ ಕೆನಡಾದ ಸರ್ಕಾರಿ ಟೀವಿ ಸಿಬಿಸಿ, ಆಮೇಲೆ ಒಂಟಾರಿಯೊದಲ್ಲಿ 19ಕ್ಕೇ ಕುಡೀಬಹುದು ಅನ್ನೋದು. ಮಿಶಿಗನ್‌ನಲ್ಲಿ 21 ಅಲ್ವಾ, ಅಲ್ಲಿನ ಹುಡುಗ್ರು ಕೆನಡಾ ಭೂಗೋಳ ಕಲಿಯೋದೇ ಹಂಗೆ. ಪ್ರಾಂತ್ಯ ಎಷ್ಟು, ಎಲೆಕ್ಷನ್ ಹೆಂಗೆ ನಡಿಯುತ್ತೆ ಅಂದ್ರೆ ಅವರೂ ಕೈ ಎತ್ತುತ್ತಾರೆ. 2022ರ ಫೆಬ್ರವರಿಯಲ್ಲಿ ಲಾರಿಯವರು ಪ್ರತಿಭಟನೆ ಅಂತ ವಿಂಡ್ಸರ್-ಡೆಟ್ರಾಯ್ಟ್ ಮಧ್ಯದ ಅಂಬಾಸಡರ್ ಬ್ರಿಡ್ಜ್ ಬಂದ್ ಮಾಡಿದ್ರಲ್ಲ, ಸುಮಾರು ಒಂದು ವಾರ, ಆ ಕಡೆ ಕಾರ್ ಫ್ಯಾಕ್ಟರಿಗಳಿಗೆ ಪಾರ್ಟ್ಸ್ ಹೋಗ್ದೆ ಶಿಫ್ಟು ಕಡಿಮೆ ಮಾಡಿದ್ರು, ಆಗ ನಮ್ಮ ಕಾರಿನ ಅರ್ಧ ಸಾಮಾನು ಅಲ್ಲಿಂದ ಬರುತ್ತಾ ಅಂತ ಕೇಳಿದವರು ಡೆಟ್ರಾಯ್ಟ್‌ನಲ್ಲೇ ಇದ್ರು.

ಹುಬ್ಬಳ್ಳಿ_ಗಿರ್ಮಿಟ್:

ನಾ ಒಟ್ಟಾವಾದಾಗ ಇರಾಂವ್ರಿ. ನಮ್ಮೂರ ರಾಜಧಾನಿ, ಮಂದಿ ಟೊರಾಂಟೊ ಅಂದ್ರ ಈಗ ಸಿಟ್ಟೂ ಬರೂದಿಲ್ಲ. 1857ರಾಗ ವಿಕ್ಟೋರಿಯಾ ರಾಣಿ ಆರಿಸಿದ್ದು. ಟೊರಾಂಟೊ, ಮಾಂಟ್ರಿಯಲ್, ಕ್ವಿಬೆಕ್, ಕಿಂಗ್‌ಸ್ಟನ್ ಎಲ್ಲಾ ನಮಗ ಬೇಕು ನಮಗ ಬೇಕು ಅಂತ ಬಡದಾಡಾಕತ್ತಿದ್ವು, ಒಟ್ಟಾವಾ ಗಡಿಯಿಂದ ಒಂದೀಟು ಒಳಗ ಐತಿ, ಅಮೆರಿಕದವ್ರು ದಂಡು ಕಟ್ಕೊಂಡು ಬಂದ್ರೂ ಲಗೂನ ಸಿಗೂದಿಲ್ಲ ಅನ್ನೂದೂ ಒಂದ್ ಕಾರಣ ಆತು. ಅವ್ರ ಕೈಗೆ ಸಿಗಬಾರದು ಅಂತ ಒಳಗ ಇಟ್ಟ ರಾಜಧಾನಿ ಇವತ್ತಿಗೂ ಅವ್ರಿಗೆ ಸಿಕ್ಕಿಲ್ಲ ನೋಡ್ರಿ 😄

ಇಲ್ಲಿ ರಿಕ್ ಮರ್ಸರ್ ಅಂತ ಕಾಮಿಡಿಯನ್ ಅದಾನ. ಮೈಕ್ ಹಿಡ್ಕೊಂಡು ಅಮೆರಿಕಾದಾಗ ಅಡ್ಡಾಡಿ ಕೆನಡಾ ಬಗ್ಗೆ ಸುಳ್ಳಸುಳ್ಳ ಸುದ್ದಿ ಹೇಳಿ ಅಭಿಪ್ರಾಯ ಕೇಳಾಂವ, ಅವ್ರೂ ಗಂಭೀರ ಮಾರಿ ಮಾಡ್ಕೊಂಡು ಹೇಳಾವ್ರು. 2000ದಾಗ ಪ್ರಚಾರಕ್ಕ ಹೊಂಟಿದ್ದ ಜಾರ್ಜ್ ಬುಷ್‌ಗೆ ಕೆನಡಾ ಪ್ರಧಾನಿ ಜಾನ್ ಪೂಟೀನ್ ನಿಮಗ ಬೆಂಬಲ ಕೊಟ್ಟಾರ ಅಂತ ಹೇಳಿದ, ಬುಷ್ ಸಾಹೇಬ್ರು ಖುಷಿಯಾಗಿ ಉತ್ತರ ಕೊಟ್ರು. ಆಗಿನ ಪ್ರಧಾನಿ ಜಾನ್ ಕ್ರೆಟ್ಯೆನ್, ಪೂಟೀನ್ ಅಂದ್ರ ಆಲೂ ಫ್ರೈಸ್ ಮ್ಯಾಲೆ ಚೀಸ್ ಹಾಕಿ ಬಿಸಿ ಗ್ರೇವಿ ಸುರಿಯೂ ಕ್ವಿಬೆಕ್ ತಿಂಡಿ. ಅರ್ಕನ್ಸಾದ ಗವರ್ನರ್ ಇದ್ದ ಮೈಕ್ ಹಕಬಿ ಅಂತೂ ಕೆನಡಾದ "ರಾಷ್ಟ್ರೀಯ ಇಗ್ಲೂ" (ಹಿಮದ ಮನಿ, ಅಂಥಾದ್ದು ಯಾವ್ದೂ ಇಲ್ಲೇ ಇಲ್ಲ) ಉಳಿಸ್ಕೊಂಡಿದ್ದಕ್ಕ ಕ್ಯಾಮೆರಾ ಮುಂದ ಅಭಿನಂದನೆ ಹೇಳಿದ್ರು. ಆದ್ರ ಬುಷ್‌ದು ಒಂದ್ ಮೆಚ್ಚಬೇಕು, 2004ರಾಗ ಹ್ಯಾಲಿಫ್ಯಾಕ್ಸಿಗೆ ಬಂದಾಗ ಜಾನ್ ಪೂಟೀನ್ ಅವ್ರನ್ನ ಭೇಟಿ ಆಗ್ಬೇಕಂತ ಇತ್ತು ಅಂತ ತಾವ ಜೋಕ್ ಹೊಡದ್ರು.

ಯಾಕ ಹಿಂಗ ಅಂದ್ರ, ನಾವು 4 ಕೋಟಿ, ಅವ್ರು 34 ಕೋಟಿ. ಇಲ್ಲಿ ಟೀವಿ ಹಚ್ಚಿದ್ರ ಅರ್ಧ ಅಮೆರಿಕಾದ ಚಾನೆಲ್ಲ, ರೇಡಿಯೊದಾಗ ಕೆನಡಾದ ಹಾಡು ಇಷ್ಟ ಪಾಲು ಇರಾಕಬೇಕು ಅಂತ 1971ರಿಂದ ಕಾಯ್ದೆನ ಮಾಡ್ಯಾರ, ಇಲ್ಲಂದ್ರ ಅದೂ ಪೂರಾ ಅವ್ರದ. ನಮಗ ಅವ್ರ ಸೆನೆಟರ್ ಹೆಸ್ರು ಗೊತ್ತಿರ್ತಾವ, ಅವ್ರಿಗೆ ನಮ್ ಪ್ರಧಾನಿ ಗೊತ್ತಿದ್ರ ದೊಡ್ಡ ಮಾತು. ಇಲ್ಲೇ ನೇಪಿಯನ್ನಿನ ಎಂಪಿ ಇದ್ದ ಚಂದ್ರ ಆರ್ಯ, ನಮ್ಮ ಶಿರಾ ತಾಲ್ಲೂಕಿನವ್ರು, 2022ರ ಮೇದಾಗ ಪಾರ್ಲಿಮೆಂಟಿನ್ಯಾಗ ಕನ್ನಡದಾಗ ಮಾತಾಡಿದ್ರಲ್ಲ, ಆ ವಿಡಿಯೊ ಹುಬ್ಬಳ್ಯಾಗ ನಮ್ಮ ಅತ್ತಿ ತನಕ ಮುಟ್ಟಿತು. ಇಲ್ಲಿಂದ ತಾಸಿನ ದಾರಿ ನ್ಯೂಯಾರ್ಕ್ ರಾಜ್ಯ, ಅಲ್ಲಿ ಒಬ್ಬರಿಗೂ ಗೊತ್ತಿಲ್ಲ.

ಸಂಪಿಗೆ_ರೋಡ್:

ಎಲ್ಲಾ ಸರಿ, ಆದ್ರೆ ಇಷ್ಟು ನಗೋದೂ ಬೇಡ ಅನ್ಸುತ್ತೆ. ಮೈಕ್ ಹಿಡ್ಕೊಂಡು ನೂರು ಜನರನ್ನ ಕೇಳಿ ಅದರಲ್ಲಿ ಹತ್ತು ಪೆಚ್ಚು ಉತ್ತರ ಮಾತ್ರ ತೋರಿಸಿದ್ರೆ ಯಾವ ದೇಶದವರಾದ್ರೂ ಪೆದ್ದರ ಥರಾನೇ ಕಾಣ್ತಾರೆ. ಬೆಂಗಳೂರಲ್ಲಿ ಶ್ರೀಲಂಕಾ ರಾಜಧಾನಿ ಕೇಳಿ, ಎಲ್ರೂ ಕೊಲಂಬೊ ಅಂತಾರೆ, ಶ್ರೀ ಜಯವರ್ಧನಪುರ ಕೋಟೆ ಅನ್ನೋರು ಕೆಎಎಸ್ ಪರೀಕ್ಷೆಗೆ ಓದ್ತಿರೋರು ಮಾತ್ರ.

ನನ್ನ ಮಗಳು ಒಹಾಯೊದಲ್ಲಿ ಓದ್ತಿದಾಳೆ, ಅವಳ ಸೋಶಿಯಲ್ ಸ್ಟಡೀಸ್ ಪುಸ್ತಕ ತಿರುವಿ ಹಾಕಿದೀನಿ. ಕೆನಡಾ ಇಲ್ವೇ ಇಲ್ಲ ಅಂತಲ್ಲ, ಬಂದು ಬಂದು ಮಾಯ ಆಗುತ್ತೆ. 1812ರ ಯುದ್ಧದಲ್ಲಿ ಬರುತ್ತೆ, ಆಮೇಲೆ ಗುಲಾಮಗಿರಿಯಿಂದ ತಪ್ಪಿಸ್ಕೊಂಡು ಉತ್ತರಕ್ಕೆ ಓಡಿದವರ ಪಾಠದಲ್ಲಿ ಬರುತ್ತೆ, ಅದೂ ಓಡಿಹೋಗಿ ಸೇರೋ ಜಾಗ ಅಷ್ಟೆ, ಆ ಜಾಗದಲ್ಲಿ ಮುಂದೇನಾಯ್ತು ಅಂತ ಇಲ್ಲ. ಹ್ಯಾರಿಯಟ್ ಟಬ್ಮನ್ ಹೆಸರು ಅಲ್ಲಿ ಪ್ರತಿ ಮಗುಗೂ ಗೊತ್ತು, ಆಕೆ ಒಂಟಾರಿಯೊದ ಸೇಂಟ್ ಕ್ಯಾಥರಿನ್ಸ್‌ನಲ್ಲಿ ವರ್ಷಗಟ್ಲೆ ಮನೆ ಮಾಡ್ಕೊಂಡಿದ್ರು ಅನ್ನೋದು ಮಗಳ ಪುಸ್ತಕದಲ್ಲಿ ನಂಗೆ ಕಾಣ್ಲಿಲ್ಲ. ನಯಾಗರಾಗೆ ಹೋಗೋರಿಗೆ ಅದು ಹತ್ರಾನೇ, ಆಗೋದಾದ್ರೆ ಹೋಗ್ಬನ್ನಿ.

1812ರದ್ದೂ ಮಜಾ ಇದೆ. 2018ರಲ್ಲಿ ಟ್ರಂಪ್ ಫೋನಲ್ಲಿ ಆಗಿನ ಕೆನಡಾ ಪ್ರಧಾನಿ ಟ್ರೂಡೊಗೆ "ವೈಟ್‌ಹೌಸ್ ಸುಟ್ಟವರು ನೀವೇ ಅಲ್ವಾ" ಅಂದ್ರು ಅಂತ ಸುದ್ದಿ ಆಗಿತ್ತು. 1814ರ ಆಗಸ್ಟ್‌ನಲ್ಲಿ ಸುಟ್ಟಿದ್ದು ಬ್ರಿಟಿಷ್ ಸೈನ್ಯ, ಕೆನಡಾ ಅನ್ನೋ ದೇಶ ಆಗಿದ್ದೇ 1867ರಲ್ಲಿ. ಅದಕ್ಕೂ ಹಿಂದಿನ ವರ್ಷ, 1813ರ ಏಪ್ರಿಲ್‌ನಲ್ಲಿ ಅಮೆರಿಕದವರು ಯಾರ್ಕ್‌ಗೆ ನುಗ್ಗಿ ಅಲ್ಲಿನ ಶಾಸನಸಭೆ ಕಟ್ಟಡ ಸುಟ್ಟಿದ್ರು, ಯಾರ್ಕ್ ಅಂದ್ರೆ ಈಗಿನ ಟೊರಾಂಟೊ. ಅದನ್ನ ಮಾತ್ರ ಯಾರೂ ಎತ್ತಲ್ಲ.

ಇನ್ನೊಂದು ಕಾರಣ ನನ್ ಪ್ರಕಾರ, ಕೆನಡಾದವರು ಅಮೆರಿಕದಲ್ಲಿ ಕಣ್ಣಿಗೆ ಬೀಳಲ್ಲ. ಜಿಮ್ ಕ್ಯಾರಿ, ರಯನ್ ರೆನಾಲ್ಡ್ಸ್, ಜೇಮ್ಸ್ ಕ್ಯಾಮರೂನ್ ಎಲ್ಲಾ ಕೆನಡಾದಲ್ಲಿ ಹುಟ್ಟಿದೋರು, ಅಮೆರಿಕದವರ ಲೆಕ್ಕದಲ್ಲಿ ನಮ್ಮೋರೇ. ಬ್ಯಾಸ್ಕೆಟ್‌ಬಾಲ್ ಕಂಡುಹಿಡಿದ ನೈಸ್ಮಿತ್ ಕೂಡ ಒಂಟಾರಿಯೊದ ಆಲ್ಮಂಟ್‌ನೋನು.

ವರ್ಮಾಂಟ್_ಮಲೆನಾಡಿಗ:

ಸಂಪಿಗೆ ರೋಡ್ ಅವರು ಹೇಳಿದ್ದು ಸರಿ, ಆದ್ರೆ ಗೊತ್ತಿಲ್ದೇ ಇದ್ರೆ ನಷ್ಟ ಆಗಲ್ಲ ಅನ್ನೋ ಕಾಲ ಮುಗೀತು ಅನ್ಸುತ್ತೆ ನಂಗೆ. ನಮ್ಮ ರಾಜ್ಯದ ತುದೀಲಿ ಡರ್ಬಿ ಲೈನ್ ಅಂತ ಊರಿದೆ, ಅಲ್ಲಿ ಹ್ಯಾಸ್ಕೆಲ್ ಲೈಬ್ರರಿ, 1904ರದ್ದು, ಬೇಕಂತಲೇ ಗಡಿ ಮೇಲೆ ಕಟ್ಟಿಸಿದ್ದು. ಒಳಗೆ ನೆಲದ ಮೇಲೆ ಕಪ್ಪು ಗೆರೆ ಓಡುತ್ತೆ, ಈ ಕಡೆ ಅಮೆರಿಕ ಆ ಕಡೆ ಕೆನಡಾ, ಮುಖ್ಯ ಬಾಗಿಲು ಅಮೆರಿಕದಲ್ಲಿ, ಪುಸ್ತಕ ಜಾಸ್ತಿ ಇರೋದು ಕೆನಡಾದಲ್ಲಿ, ಮೇಲ್ಗಡೆ ನಾಟಕದ ಹಾಲಲ್ಲಿ ಸ್ಟೇಜು ಕೆನಡಾ, ನೋಡೋರಲ್ಲಿ ಹೆಚ್ಚಿನವರು ಅಮೆರಿಕ. ಗಡಿ ಆಚೆ ಕ್ವಿಬೆಕ್‌ನ ಸ್ಟ್ಯಾನ್‌ಸ್ಟೆಡ್ ಕಡೆಯೋರು ಫುಟ್‌ಪಾತ್ ಹಿಡಿದು ಬಂದು ಪುಸ್ತಕ ತಗೊಂಡು ಹಂಗೇ ವಾಪಸ್ ಹೋಗೋರು, ಯಾರೂ ಏನೂ ಕೇಳ್ತಿರ್ಲಿಲ್ಲ. 2025ರ ಮಾರ್ಚ್‌ನಿಂದ ಅಮೆರಿಕ ಸರ್ಕಾರ ಅದಕ್ಕೆ ಕಡಿವಾಣ ಹಾಕ್ತು. ಡರ್ಬಿ ಲೈನ್ ಜನಕ್ಕೆ ಎಷ್ಟು ಬೇಜಾರಾಯ್ತು ಅಂದ್ರೆ, ಅವರಿಗೆ ಅದು ಬೇರೆ ದೇಶ ಅಲ್ಲ, ಪಕ್ಕದ ಬೀದಿ.

ಅದೇ ಟೈಮಲ್ಲಿ ಕೆನಡಾ ಅಮೆರಿಕದ "51ನೇ ರಾಜ್ಯ" ಆಗ್ಲಿ ಅನ್ನೋ ಟ್ರಂಪ್ ಮಾತು, ಟ್ರೂಡೊನ "ಗವರ್ನರ್" ಅಂತ ಕರೆದಿದ್ದು, ಸುಂಕ ಹಾಕಿದ್ದು ಎಲ್ಲಾ ಆಯ್ತಲ್ಲ. ನನ್ನ ಜೊತೆ ಕೆಲ್ಸ ಮಾಡೋ ಒಬ್ಬ, ಮೂಲ ಫ್ಲೋರಿಡಾದೋನು, ಅದೊಂದು ಜೋಕು ಕಣೋ, ಅವರಿಗ್ಯಾಕೆ ಸಿಟ್ಟು ಅಂತಾನೆ. ಒಂಟಾರಿಯೊ ಸರ್ಕಾರದ ಮದ್ಯದಂಗಡಿಗಳಿಂದ ಅಮೆರಿಕದ ಬಾಟ್ಲಿನೆಲ್ಲ ಇಳಿಸಿದ್ದು ಕೆಂಟಕಿಯ ವಿಸ್ಕಿ ಮಾಡೋರಿಗೆ ಬಿಸಿ ತಟ್ತು, ಬೇಸಿಗೇಲಿ ನಮ್ಮ ಕಡೆ ಸಾಲುಗಟ್ಟಿ ನಿಲ್ತಿದ್ದ ಕ್ವಿಬೆಕ್ ನಂಬರ್ ಪ್ಲೇಟ್ ಕಾರು ಕಮ್ಮಿ ಆಗಿದ್ದು ಇಲ್ಲಿನ ಹೋಟೆಲ್‌ನೋರಿಗೆ ತಟ್ತು. ಅಮೆರಿಕ ಹೊರಗಿಂದ ತರಿಸೋ ಕಚ್ಚಾ ತೈಲದಲ್ಲಿ ಅರ್ಧಕ್ಕಿಂತ ಜಾಸ್ತಿ ಕೆನಡಾದ್ದು, ಪೆಟ್ರೋಲ್ ಅಂದ್ರೆ ಇವರಿಗೆ ಸೌದಿ ಮಾತ್ರ ನೆನಪಾಗೋದು. 2025ರ ಮೇನಲ್ಲಿ ಚಾರ್ಲ್ಸ್ ರಾಜ ಬಂದು ಒಟ್ಟಾವಾದಲ್ಲಿ ಪಾರ್ಲಿಮೆಂಟ್ ಭಾಷಣ ಓದ್ದಾಗ ಆ ಫ್ಲೋರಿಡಾದೋನು ಕೇಳಿದ್ದು: "ಅವರಿಗೆ ರಾಜ ಇದಾನಾ?!"

ಡಲ್ಲಾಸ್_ದಾವಣಗೆರೆ:

ಎಲ್ರಿಗೂ ಥ್ಯಾಂಕ್ಸ್, ಇಷ್ಟೆಲ್ಲ ಬರುತ್ತೆ ಅನ್ಕೊಂಡಿರ್ಲಿಲ್ಲ. ರಾಜನ ವಿಷ್ಯ ನಾಳೆ ಆಫೀಸಲ್ಲಿ ಬಿಡ್ತೀನಿ. ವೀಸಾ ಬಂದ್ರೆ ಬಫಲೋದಲ್ಲಿ ರೆಂಟಲ್ ಕಾರ್ ತಗೊಂಡು ದಾಟೋದು ಅಂತ ಇದೆ, ಅಲ್ಲಿ ಡ್ರೈವಿಂಗ್‌ಗೆ ಏನಾದ್ರೂ ನೋಡ್ಕೋಬೇಕಾ?

ವಿಂಡ್ಸರ್_ವಾಸಿ:

ಕಾರ್ ಬುಕ್ ಮಾಡುವಾಗ್ಲೇ ಕೆನಡಾಗೆ ತಗೊಂಡು ಹೋಗ್ತೀವಿ ಅಂತ ಕೇಳಿ ಬರೆಸ್ಕೊಳಿ. ಪೆಟ್ರೋಲ್ ಬಂಕಲ್ಲಿ ರೇಟ್ ಲೀಟರ್‌ಗೆ, ಗ್ಯಾಲನ್‌ಗಲ್ಲ, ಭಾರೀ ಅಗ್ಗ ಅಂತ ಖುಷಿಪಡ್ಬೇಡಿ. ಎಲ್ಲಕ್ಕಿಂತ ಮುಖ್ಯ, ಬೋರ್ಡಲ್ಲಿ 100 ಅಂತ ಇದ್ರೆ ಅದು ಕಿಲೋಮೀಟರ್, ನಿಮ್ಮ ಲೆಕ್ಕದಲ್ಲಿ 62 ಮೈಲಿ. ಟೆಕ್ಸಸ್ ರೂಢೀಲಿ 100 ಮೈಲಿ ಹೊಡೆದ್ರೆ ಒಂಟಾರಿಯೊದಲ್ಲಿ ಅದು ಸ್ಟಂಟ್ ಡ್ರೈವಿಂಗ್ ಕೇಸು, ಪೊಲೀಸ್ರು ಅಲ್ಲೇ ಕಾರು ಎಳ್ಕೊಂಡು ಹೋಗಿ 14 ದಿನ ಇಟ್ಕೋತಾರೆ, ರೆಂಟಲ್ ಆದ್ರೂ ಬಿಡಲ್ಲ.