‘ಆಕಾಶ ಕ್ಲಿಯರ್ ಇತ್ತು’: ಕನ್ನಡದಲ್ಲಿ ಏನೆಂದು ಬರೆಯೋಣ?

ಪ್ರಶ್ನೆ:
ಚಿತ್ರದುರ್ಗ, ದಾವಣಗೆರೆ ಸುತ್ತ ನಕ್ಷತ್ರ ವೀಕ್ಷಣೆಗೆ ಹೊಸ ಜಾಗ ನೋಡಿ ಬರುವವರಿಗಾಗಿ ಕನ್ನಡದಲ್ಲೊಂದು ನಮೂನೆ ಮಾಡುತ್ತಿದ್ದೇವೆ. ‘ಆಕಾಶದ ಗುಣಮಟ್ಟ’ ಎಂಬ ಅಂಕಣದಲ್ಲಿ ಎಲ್ಲರೂ ‘ಕ್ಲಿಯರ್ ಇತ್ತು’, ‘ಶುಭ್ರವಾಗಿತ್ತು’ ಎಂದಷ್ಟೇ ತುಂಬಿ ಕೊಡುತ್ತಾರೆ. ಪಾರದರ್ಶಕತೆ, ಗೋಚರತೆ, ಕಗ್ಗತ್ತಲು, ಇವುಗಳಲ್ಲಿ ಯಾವುದನ್ನು ಇಟ್ಟುಕೊಳ್ಳಬೇಕು? ಬಲ್ಲವರು ತಿಳಿಸಿ.

ಉತ್ತರ:
ಸರ್, ಒಂದೇ ಅಂಕಣ ಇಟ್ಟಿದ್ದೇ ತೊಡಕು. ಅದನ್ನು ಒಡೆದು ಮೂರು ಮಾಡಿ: ಕತ್ತಲು, ತಿಳಿ, ಅಲುಗಾಟ. ಮೂರಕ್ಕೂ ಕಾರಣ ಬೇರೆ, ಪರೀಕ್ಷೆಯೂ ಬೇರೆ. ‘ಶುಭ್ರ’ ಎಂದರೆ ಓದುವವರಿಗೆ ಗೊತ್ತಾಗುವುದು ಮೋಡ ಇರಲಿಲ್ಲ ಎಂಬುದಷ್ಟೇ. ‘ಗೋಚರತೆ’ಯನ್ನು ಪತ್ರಿಕೆಗಳು ಮಂಜಿನಲ್ಲಿ ರಸ್ತೆ ಎಷ್ಟು ದೂರ ಕಾಣುತ್ತದೆ ಎನ್ನುವುದಕ್ಕೆ ಬಳಸಿ ಬಳಸಿ ಅದರ ಅರ್ಥ ಅಲ್ಲೇ ನಿಂತಿದೆ. ಅದನ್ನು ಬಿಟ್ಟುಬಿಡಿ.

‘ಕತ್ತಲು’ ಎನ್ನುವಾಗ ನೆಲದ ಕತ್ತಲಲ್ಲ, ಆಕಾಶದ ಕತ್ತಲು ಎಂದು ನಮೂನೆಯಲ್ಲೇ ಬರೆದುಬಿಡಿ. ಮರಗಳ ನಡುವಿನ ತಗ್ಗಿನಲ್ಲಿ ಕೈಗೆ ಕೈ ಕಾಣದಿದ್ದರೂ ಮೇಲಿನ ಆಕಾಶ ಪಕ್ಕದ ಬಯಲಿನಷ್ಟೇ ಬೆಳ್ಳಗಿರುತ್ತದೆ. ಅಳೆಯುವುದು ಹೀಗೆ: ಚಂದ್ರ ಮುಳುಗಿರಬೇಕು, ಸೂರ್ಯ ದಿಗಂತದಿಂದ 18 ಡಿಗ್ರಿ ಕೆಳಗಿಳಿದಿರಬೇಕು. ನಮ್ಮ ಅಕ್ಷಾಂಶದಲ್ಲಿ ಇದಕ್ಕೆ ಸೂರ್ಯಾಸ್ತವಾಗಿ ಸುಮಾರು ಒಂದೂಕಾಲು ಗಂಟೆ ಹಿಡಿಯುತ್ತದೆ. ಎಸ್‌ಕ್ಯೂಎಂ ಮೀಟರನ್ನು (ಆಕಾಶದ ಕತ್ತಲು ಅಳೆಯುವ ಪುಟ್ಟ ಸಾಧನ, ಅಂಕಿ ಹೆಚ್ಚಿದಷ್ಟೂ ಕತ್ತಲು) ನೆತ್ತಿಯ ಕಡೆ ನೇರ ಹಿಡಿದು ಐದಾರು ಸಲ ಒತ್ತಿ, ಮೊದಲ ಅಂಕಿ ಬಿಟ್ಟು ಉಳಿದವುಗಳಲ್ಲಿ ನಡುವಿನದನ್ನು ಬರೆದುಕೊಳ್ಳಬೇಕು. ಆಕಾಶಗಂಗೆ ನೆತ್ತಿಯ ಮೇಲಿದ್ದರೆ ಅದರ ಬೆಳಕೂ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ. ಕರೆಂಟ್ ಹೋದಾಗಿನ ಅಂಕಿ ಎಷ್ಟು ಚೆನ್ನಾಗಿ ಬಂದರೂ ಬೇಡ. ಪಂಚಾಯ್ತಿ ಹೈಮಾಸ್ಟ್ ದೀಪ ಉರಿಯುತ್ತಿರುವಾಗ ಬಂದದ್ದೇ ಆ ಜಾಗದ ನಿಜವಾದ ಅಂಕಿ. ರಾತ್ರಿ ಬೆಳಕಿನ ಉಪಗ್ರಹ ನಕ್ಷೆಯನ್ನೂ ಪೂರ್ತಿ ನಂಬುವಂತಿಲ್ಲ. ಅದಕ್ಕೆ ಬೆಳಕು ಅಳೆದು ಕೊಡುವ ವಿಐಐಆರ್‌ಎಸ್ ಸಂವೇದಕಕ್ಕೆ 500 ನ್ಯಾನೊಮೀಟರಿಗಿಂತ ಕಡಿಮೆ ತರಂಗಾಂತರದ ನೀಲಿ ಬೆಳಕು ಕಾಣುವುದಿಲ್ಲ. ಹಾಗಾಗಿ ಬಿಳಿ ಎಲ್‌ಇಡಿ ಹಾಕಿಸಿಕೊಂಡ ಊರು ನಕ್ಷೆಯಲ್ಲಿ ಇರುವುದಕ್ಕಿಂತ ಮಂಕಾಗಿ ತೋರುತ್ತದೆ.

ಮೀಟರ್ ಇಲ್ಲದವರು ಕಣ್ಣಿನ ಮಿತಿ ಬರೆಯಲಿ, ಅಂದರೆ ಬರಿಗಣ್ಣಿಗೆ ಕಂಡ ಅತಿ ಮಂಕು ನಕ್ಷತ್ರದ ಕಾಂತಿಮಾನ (ಇದರಲ್ಲಿ ಅಂಕಿ ಹೆಚ್ಚಿದಷ್ಟೂ ನಕ್ಷತ್ರ ಮಂಕು). ಹೊರದೇಶದ ಕೈಪಿಡಿಗಳು ಇದಕ್ಕೆ ಧ್ರುವನ ಸುತ್ತಲಿನ ಲಘು ಸಪ್ತರ್ಷಿ ಮಂಡಲವನ್ನು ನೋಡಲು ಹೇಳುತ್ತವೆ. ಇಲ್ಲಿ ಅದು ನಡೆಯುವುದಿಲ್ಲ. ಚಿತ್ರದುರ್ಗದಲ್ಲಿ ಧ್ರುವ ಬರೀ 14 ಡಿಗ್ರಿ ಎತ್ತರದಲ್ಲಿದೆ. ಅಲ್ಲಿಂದ ಬರುವ ಬೆಳಕು ನೆತ್ತಿಯಿಂದ ಬರುವುದಕ್ಕಿಂತ ನಾಲ್ಕು ಪಟ್ಟು ಗಾಳಿಯನ್ನು ದಾಟಬೇಕು, ಒಳ್ಳೆಯ ರಾತ್ರಿಯಲ್ಲೂ ಅರ್ಧ–ಮುಕ್ಕಾಲು ಕಾಂತಿಮಾನ ಸೋರಿಹೋಗುತ್ತದೆ. ಬದಲಿಗೆ ಭಾದ್ರಪದದ ಚೌಕ (ಪೆಗಾಸಸ್‌ನ ದೊಡ್ಡ ಚೌಕ) ಹಿಡಿಯಿರಿ. ನವೆಂಬರ್ ನಡುವೆ ರಾತ್ರಿ ಎಂಟರ ಸುಮಾರಿಗೆ ಅದು ನೆತ್ತಿಯ ಹತ್ತಿರವೇ ಇರುತ್ತದೆ, ಆಕಾಶಗಂಗೆಯಿಂದಲೂ ದೂರ. ನಾಲ್ಕು ಮೂಲೆಯವು 2ರಿಂದ 3ನೇ ಕಾಂತಿಮಾನದವು, ಊರೊಳಗಿನಿಂದಲೂ ಕಾಣುತ್ತವೆ. ಒಳಗೆ ಮೊದಲು ಕಣ್ಣಿಗೆ ಬೀಳುವವೇ 4.4, 4.6ರವು. ಚೌಕ ಖಾಲಿ ಕಂಡರೆ ಆ ಜಾಗಕ್ಕೆ ಡೀಸೆಲ್ ಖರ್ಚು ಮಾಡುವುದು ದಂಡ. ಆದರೆ ಈ ತೀರ್ಮಾನಕ್ಕೆ ಮೊದಲು ಮೊಬೈಲ್ ಒಳಗಿಟ್ಟು ಅರ್ಧ ಗಂಟೆ ಕಣ್ಣನ್ನು ಕತ್ತಲಿಗೆ ಹೊಂದಿಸಿಕೊಂಡಿರಬೇಕು.

‘ತಿಳಿ’ ಎಂದರೆ ಗಾಳಿಯಲ್ಲಿ ದೂಳು, ಹೊಗೆ, ತೇವ ಎಷ್ಟು ಕಡಿಮೆ ಎಂಬುದು. ಪಾರದರ್ಶಕತೆ ತಪ್ಪಲ್ಲ, ಗಾಜಿಗೆ ಹೊಂದುತ್ತದೆ. ತಿಳಿನೀರು ಎನ್ನುವಲ್ಲಿ ಇರುವ ಕದಡಿದ್ದು ಕೆಳಗೆ ಕೂತ ಭಾವವೇ ಇಲ್ಲಿಗೆ ಬೇಕಾದದ್ದು. ಮಳೆ ಹೊಯ್ದು ಬಿಟ್ಟ ಅಕ್ಟೋಬರಿನಲ್ಲಿ ತಿಳಿ ಚೆನ್ನಾಗಿರುತ್ತದೆ, ಮಾರ್ಚ್–ಏಪ್ರಿಲ್‌ನ ದೂಳಿನಲ್ಲಿ ಕೆಡುತ್ತದೆ. ಭದ್ರಾ ಅಚ್ಚುಕಟ್ಟಿನ ಗದ್ದೆ ಬಯಲಿನಲ್ಲಿ, ವಾಣಿ ವಿಲಾಸ ಸಾಗರದ ದಡದಲ್ಲಿ ಚಳಿಗಾಲದ ಬೆಳಗಿನ ಜಾವ ಮಂಜು ಕೂತು ಮಸೂರ ಒದ್ದೆಯಾಗುವ ಸಂಭವ ಹೆಚ್ಚು. ಅಂಥಲ್ಲಿ ರಾತ್ರಿಯ ಮೊದಲರ್ಧದ್ದೊಂದು, ಬೆಳಗಿನ ಜಾವದ್ದೊಂದು ಅಂಕಿ ಬೇರೆ ಬೇರೆ ಬರೆಯಬೇಕು.

ಕತ್ತಲು, ತಿಳಿ ಬೆರೆಸಿದರೆ ಎಂಥ ಎಡವಟ್ಟಾಗುತ್ತದೆ ನೋಡಿ. ಊರ ಅಂಚಿನಲ್ಲಿ ತೆಳು ಮೋಡ ಬಂದರೆ ಕೆಳಗಿನ ದೀಪದ ಬೆಳಕು ಅದಕ್ಕೆ ತಾಗಿ ಮರಳುತ್ತದೆ, ಆಕಾಶ ಬೆಳ್ಳಗಾಗುತ್ತದೆ, ಮೀಟರಿನ ಅಂಕಿ ಇಳಿಯುತ್ತದೆ. ಜಗಳೂರಿನ ಆಚೆ ದೀಪವೇ ಇಲ್ಲದ ಬಯಲಿನಲ್ಲಿ ಅದೇ ಮೋಡ ನಕ್ಷತ್ರಗಳನ್ನು ಮುಚ್ಚುವ ಕರಿ ತೇಪೆ ಅಷ್ಟೇ, ಅಂಕಿ ಏರುತ್ತದೆ. ಕಾಗದದ ಮೇಲೆ ‘ಕತ್ತಲು 21.8’ ಎಂದು ಜಾಗ ಅದ್ಭುತವಾಗಿ ಕಾಣುತ್ತದೆ. ಪಕ್ಕದಲ್ಲಿ ತಿಳಿಯ ಅಂಕಣ ಇದ್ದರೆ ತಾನೇ ಅದು ಸುಳ್ಳು ಕತ್ತಲು ಎಂದು ಗೊತ್ತಾಗುವುದು?

‘ಅಲುಗಾಟ’ ಬೇಗ ಮುಗಿಯುತ್ತದೆ. ದೂರದರ್ಶಕದಲ್ಲಿ 150 ಪಟ್ಟು ಹಿಗ್ಗಿಸಿ ನೋಡಿದಾಗ ಬಿಂಬ ನಿಂತಿದೆಯೋ, ಕುದಿಯುತ್ತಿದೆಯೋ ಎಂಬುದು. ದಿಗಂತದ ಹತ್ತಿರದ ನಕ್ಷತ್ರ ಯಾವಾಗಲೂ ಮಿನುಗುತ್ತದೆ. ನೆತ್ತಿಯ ಮೇಲಿನದೂ ಮಿನುಗಿದರೆ ಗಾಳಿ ನೆಟ್ಟಗಿಲ್ಲ ಎಂದರ್ಥ. ದುರ್ಗದ ಕಡೆ ಬರಿಬಂಡೆಯ ಮೇಲೆ ಸ್ಟ್ಯಾಂಡ್ ಇಡುವ ಆಸೆ ಎಲ್ಲರಿಗೂ ಬರುತ್ತದೆ. ಹಗಲಿಡೀ ಕಾದ ಬಂಡೆ ರಾತ್ರಿ ಹೊತ್ತು ಶಾಖ ಬಿಡುತ್ತಲೇ ಇರುತ್ತದೆ, ಹಾಗಾಗಿ ಹುಲ್ಲುನೆಲ ಮೇಲು.

ಮತ್ತೊಂದು ಉತ್ತರ:
ಮೂರು ಅಂಕಣದ ಮಾತು ಒಪ್ಪಿದೆ. ಆದರೆ ಬರೀ ‘ತಿಳಿ’ ಎಂದು ಅಚ್ಚು ಹಾಕಿದರೆ ಹೊಸಬರು ‘ತಿಳಿದುಕೋ’ ಎಂದು ಓದಿಕೊಂಡಾರು, ‘ತಿಳಿತನ’ ಮಾಡಿದರೆ ಗೊಂದಲ ಇರದು.

ನಾಲ್ಕನೆಯದೂ ಒಂದು ಬೇಕು: ‘ಬೆಳಕಿನ ಗುಮ್ಮಟ’. ಊರಿರುವ ದಿಕ್ಕಿನಲ್ಲಿ ದಿಗಂತದ ಮೇಲೆ ಉಬ್ಬಿ ನಿಲ್ಲುವ ಬೆಳಕಿಗೆ ಈ ಹೆಸರು. ಅದರ ದಿಕ್ಕು, ಎತ್ತರ ಎರಡನ್ನೂ ಬರೆಯಬೇಕು. ಚಾಚಿದ ಕೈಯ ಒಂದು ಮುಷ್ಟಿ ಎಂದರೆ ಸುಮಾರು 10 ಡಿಗ್ರಿ. ಗುಮ್ಮಟ ಉತ್ತರಕ್ಕಿದ್ದರೆ ನಷ್ಟ ಕಡಿಮೆ. ಮೊಳಕಾಲ್ಮೂರಿನ ಕಡೆ ಬಳ್ಳಾರಿ, ತೋರಣಗಲ್ಲು ಎರಡೂ ಉತ್ತರಕ್ಕೇ ಬೀಳುತ್ತವೆ. ದಕ್ಷಿಣ ಮಾತ್ರ ಬಿಡುವಾಗಿರಲೇಬೇಕು: ಇಲ್ಲಿಂದ ಅಗಸ್ತ್ಯ ನಕ್ಷತ್ರ ಹೆಚ್ಚೆಂದರೆ 23 ಡಿಗ್ರಿ ಏರುತ್ತದೆ, ತ್ರಿಶಂಕು ನಕ್ಷತ್ರಪುಂಜ 16ರ ಆಸುಪಾಸು. ಜೋಗಿಮಟ್ಟಿ ಬೆಟ್ಟ 1,300 ಮೀಟರಿಗೂ ಎತ್ತರ ನಿಜ. ಎತ್ತರ ಕೊಡುವುದು ತಿಳಿತನವನ್ನು, ಕತ್ತಲನ್ನಲ್ಲ. ಚಿತ್ರದುರ್ಗ ನಗರ ಅದರ ಬುಡದಲ್ಲೇ ಇದೆ. ಕರಡಿ, ಚಿರತೆ ಇರುವ ಕಾಡಾದ್ದರಿಂದ ರಾತ್ರಿ ನಿಲ್ಲಲು ಅರಣ್ಯ ಇಲಾಖೆಯ ಅನುಮತಿಯೂ ಬೇಕು.

ಇನ್ನು ‘ದರ್ಜೆ 4’ ಎಂದಷ್ಟೇ ಬರೆಯಲು ಬಿಡಬೇಡಿ. ಜಾನ್ ಬೋರ್ಟಲ್ 2001ರಲ್ಲಿ ಪ್ರಕಟಿಸಿದ ಮಾಪಕದಲ್ಲಿ 1 ಎಂದರೆ ಅತ್ಯಂತ ಕತ್ತಲು, 9 ಎಂದರೆ ಮಹಾನಗರದ ನಡುಭಾಗ. ಎಸ್‌ಕ್ಯೂಎಂನಲ್ಲಿ ಇದು ತಿರುಗುಮುರುಗು, 22ರ ಹತ್ತಿರ ಹೋದಷ್ಟೂ ಕತ್ತಲು. ಅಂಕಿಯ ಮುಂದೆ ಮಾಪಕದ ಹೆಸರು ಬರೆಯಲು ನಮೂನೆಯಲ್ಲಿ ಜಾಗ ಬಿಡಿ.